ಮೆಚ್ಚಿದ ಬ್ಯಾಂಡೇ ಹಾಡಲು ಕರೆದಿದೆ, ಹೋಗಲೇ?

ಪ್ರಶ್ನೆ: ನನಗೆ 28 ವರ್ಷ. ಹದಿನೈದನೆಯ ವಯಸ್ಸಿನಿಂದಲೂ ಹೆವಿ ಮೆಟಲ್ ಕೇಳುತ್ತಾ ಬೆಳೆದವಳು. ಕಳೆದ ಆರು ವರ್ಷಗಳಲ್ಲಿ ನನ್ನ ಮೆಚ್ಚಿನ ಬ್ಯಾಂಡೊಂದರ ಒಂದು ಕಾರ್ಯಕ್ರಮವನ್ನೂ ತಪ್ಪಿಸದೆ, ವೇದಿಕೆಯ ಎದುರಿನ ಮೊದಲ ಸಾಲಿನಲ್ಲೇ ನಿಂತು ಕೇಳಿದ್ದೇನೆ. ಮೂರು ತಿಂಗಳ ಹಿಂದೆ ಅವರ ಗಾಯಕ ಬ್ಯಾಂಡ್ ತೊರೆದರು. ಒಂದು ಸಂಜೆ ಅವರ ಅಭ್ಯಾಸದ ಕೋಣೆಗೆ ಹೋಗಿದ್ದಾಗ, ಎಲ್ಲರೂ ವಾದ್ಯಗಳನ್ನು ಎತ್ತಿಡುತ್ತಿದ್ದ ಹೊತ್ತಿನಲ್ಲಿ, ಸುಮ್ಮನೆ ಮೈಕ್ ಹಿಡಿದು ಎರಡು ಸಾಲು ಹಾಡಿದೆ. ಗಿಟಾರ್ ವಾದಕರು ತಿರುಗಿ ನೋಡಿ, ‘ನಾಲ್ಕು ವಾರ ಬಿಟ್ಟು ಬನ್ನಿ, ನಾಲ್ಕು ಹಾಡು ಹಾಡಿ, ನೋಡೋಣ’ ಎಂದರು. ನಾನು ಸಂಗೀತ ಕಲಿತವಳಲ್ಲ. ಬಾಗಿಲು ಮುಚ್ಚಿ, ದಿಂಬಿಗೆ ಮುಖ ಒತ್ತಿಕೊಂಡು ಹಾಡಿದರೆ ಆ ಗಾಯಕರ ಗ್ರೌಲ್ ಅನ್ನು, ಎಂದರೆ ಗರ್ಜನೆಯಂಥ ಒರಟು ದನಿಯನ್ನು, ಅವರಂತೆಯೇ ತೆಗೆಯಬಲ್ಲೆ. ಗರ್ಜನೆಯಿಲ್ಲದ ಭಾಗಗಳನ್ನೂ ಅವರಂತೆಯೇ ತಗ್ಗಿನ ದನಿಯಲ್ಲಿ ಹಾಡುತ್ತೇನೆ. ಆದರೆ ಮರುದಿನ ಬೆಳಿಗ್ಗೆ ಗಂಟಲು ಕಟ್ಟಿರುತ್ತದೆ. ಫೋನ್ ಎತ್ತಿಕೊಂಡರೆ ‘ಹಲೋ’ ಎನ್ನುವುದಕ್ಕೂ ದನಿ ಹೊರಡುವುದಿಲ್ಲ. ಜೊತೆಯಲ್ಲಿ ನಿಂತು ಕೇಳುತ್ತಿದ್ದ ಗೆಳೆಯರು, ‘ಹಳೆಯ ಗಾಯಕರ ಜಾಗದಲ್ಲಿ ಬೇರೆ ಯಾರನ್ನೂ ಊಹಿಸಿಕೊಳ್ಳಲಾರೆವು’ ಎನ್ನುತ್ತಾರೆ. ಅಮ್ಮ, ‘ಇರುವ ದನಿಯನ್ನೂ ಹಾಳು ಮಾಡಿಕೊಳ್ಳುತ್ತೀಯ’ ಎನ್ನುತ್ತಾರೆ. ಎಂದಿಗೂ ಅವರಂತೆ ಹಾಡಲಾರದ ನಾನು ಆ ಜಾಗಕ್ಕೆ ಹೋಗುವುದು ಆ ಗಾಯಕರಿಗೆ ಬಗೆಯುವ ದ್ರೋಹವೇ? ಬರೀ ಅಭಿಮಾನಿಯಾಗಿದ್ದವಳು ಗಾಯಕಿಯಾಗಲು ಸಾಧ್ಯವೇ?

— ಹೆಸರು ಬೇಡ

ಉತ್ತರ: ಹೋಗಿ, ಖಂಡಿತ ಹೋಗಿ. ಆದರೆ ಹೋಗುವ ಮೊದಲು ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಬೇಕೆಂದು ನನ್ನ ಕೋರಿಕೆ. ‘ಅವರಂತೆ’ ಎಂಬ ಮಾತು ಅದರಲ್ಲಿ ಮೂರು ಸಲ ಬಂದಿದೆ. ನಿಮ್ಮ ದನಿ ಹೇಗಿದೆ ಎಂಬ ಮಾತು ಒಂದು ಸಲವೂ ಬಂದಿಲ್ಲ. ಗಂಟಲು ಕಟ್ಟುವುದು, ಗೆಳೆಯರ ಮಾತು ಚುಚ್ಚುವುದು, ದ್ರೋಹ ಮಾಡುತ್ತಿದ್ದೇನೆಂಬ ಅಳುಕು, ಇವು ಮೂರು ಬೇರೆ ಬೇರೆ ತೊಡಕುಗಳಂತೆ ಕಂಡರೂ ಬೇರು ಒಂದೇ ಎಂದು ನನಗೆ ಅನ್ನಿಸುತ್ತದೆ. ಇನ್ನೊಬ್ಬರ ದನಿಯನ್ನು ನಿಮ್ಮ ಗಂಟಲಿನಿಂದ ಹೊರಡಿಸಲು ನೀವು ಹೆಣಗುತ್ತಿದ್ದೀರಿ.

ಮೊದಲು ಗಂಟಲಿನ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಉಳಿದ ಪ್ರಶ್ನೆಗಳು ಕಾಯಬಲ್ಲವು, ಇದು ಕಾಯುವಂಥದ್ದಲ್ಲ. ಹಾಡಿದ ಮರುದಿನ ದನಿ ಹೊರಡದಿರುವುದನ್ನು ಮೆಟಲ್ ಹಾಡುವವರು ತೆರಬೇಕಾದ ಬೆಲೆಯೆಂದು ಹಲವರು ತಿಳಿದಿದ್ದಾರೆ, ಕೆಲವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಉಂಟು. ಅದು ತಪ್ಪು ತಿಳಿವಳಿಕೆ. ಮಾತನಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗಿ ಬಿಡುತ್ತವೆ. ಅವುಗಳನ್ನು ಬಿಗಿದು ಹಿಡಿದು, ಕೆಳಗಿನಿಂದ ಉಸಿರನ್ನು ಬಲವಂತವಾಗಿ ನೂಕಿದರೆ ಆ ತಾಗುವಿಕೆಯೇ ಉಜ್ಜಾಟವಾಗಿ ತಂತುಗಳು ಊದಿಕೊಳ್ಳುತ್ತವೆ; ಬೆಳಿಗ್ಗೆ ನಿಮಗೆ ಕೇಳಿಸುವ ಒಡಕು ಆ ಊತದ್ದು. ಇದು ಮತ್ತೆ ಮತ್ತೆ ಆದರೆ ತಂತುಗಳ ಮೇಲೆ ಸಣ್ಣ ಗಂಟುಗಳು ಏಳಬಹುದು. ಪಳಗಿದವರ ಗ್ರೌಲ್ ಹೀಗೆ ಹುಟ್ಟುವುದಿಲ್ಲ. ಧ್ವನಿತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ, ಸಾಮಾನ್ಯ ಮಾತಿನಲ್ಲಿ ಅವು ಪಕ್ಕಕ್ಕೆ ಸರಿದು ಸುಮ್ಮನಿರುತ್ತವೆ. ಅನುಭವಿ ಗಾಯಕರ ಗಂಟಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ, ಗ್ರೌಲ್ ಮಾಡುವ ಹೊತ್ತಿನಲ್ಲಿ ಈ ಮೇಲಿನ ಮಡಿಕೆಗಳು ಮತ್ತು ಅವುಗಳ ಸುತ್ತಲಿನ ಮೃದು ಭಾಗಗಳು ಹತ್ತಿರ ಬಂದು ಅದುರುವುದು ಕಂಡಿದೆ. ಆ ಒರಟುತನದ ಬಹುಪಾಲು ಅಲ್ಲಿಂದಲೇ ಬರುತ್ತದೆ. ಅಚ್ಚರಿಯ ಸಂಗತಿಯೆಂದರೆ, ಬಲ್ಲವರ ಪಕ್ಕದಲ್ಲಿ ಮೈಕ್ ಇಲ್ಲದೆ ನಿಂತು ಕೇಳಿದರೆ ಅವರ ಗರ್ಜನೆ ನಾವು ಅಂದುಕೊಂಡಷ್ಟು ಜೋರಾಗಿರುವುದಿಲ್ಲ. ದೊಡ್ಡದಾಗಿಸುವ ಕೆಲಸವನ್ನು ಅವರು ಮೈಕಿಗೆ ಬಿಟ್ಟಿರುತ್ತಾರೆ.

ಆದ್ದರಿಂದ ಈ ವಾರವೇ ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡು, ನೀವು ಹೇಗೆ ಹಾಡುತ್ತೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಧ್ವನಿತಂತುಗಳನ್ನು ನೋಡಿಸಿಕೊಳ್ಳಿ. ಗಂಟು ಇದೆಯೆಂದು ತಿಳಿದರೂ ಎದೆಗುಂದಬೇಡಿ; ಸಾಮಾನ್ಯವಾಗಿ ಮೊದಲು ಹೇಳುವುದು ದನಿಗೆ ವಿಶ್ರಾಂತಿಯನ್ನು ಮತ್ತು ವಾಕ್ ತಜ್ಞರ ಬಳಿಯ ಧ್ವನಿ ಚಿಕಿತ್ಸೆಯನ್ನು. ಹಾಗಾದಾಗ ನಾಲ್ಕು ವಾರವನ್ನು ಎಂಟು ವಾರ ಮಾಡಿಕೊಡಿ ಎಂದು ಬ್ಯಾಂಡಿನವರನ್ನು ಕೇಳಿಕೊಂಡರೆ, ಮೂರು ತಿಂಗಳಿಂದ ಗಾಯಕರಿಲ್ಲದೆ ಇರುವವರಿಗೆ ಇನ್ನೊಂದು ತಿಂಗಳು ದೊಡ್ಡದಾಗದು. ತಂತುಗಳು ಚೆನ್ನಾಗಿವೆ ಎಂದಾದರೆ, ಕಂಠ ಸಾಧನೆ ಕಲಿಸುವ ಒಬ್ಬರ ಬಳಿ ಹೋಗಿ. ಒರಟು ದನಿಯನ್ನು ಕಲಿಸಬಲ್ಲವರು ಸಿಕ್ಕರೆ ಒಳ್ಳೆಯದು; ಸಿಗದಿದ್ದರೆ ಉಸಿರನ್ನು ಹಿಡಿತಕ್ಕೆ ತಂದುಕೊಡಬಲ್ಲ ಯಾವ ಗುರುವಾದರೂ ಸರಿ. ಹೆಸರಾಂತ ಮೆಟಲ್ ಗಾಯಕ ರಾನಿ ಜೇಮ್ಸ್ ಡಿಯೊ ಹಾಡುವುದನ್ನು ಕ್ರಮವಾಗಿ ಯಾರಿಂದಲೂ ಕಲಿತವರಲ್ಲ, ಆದರೆ ಚಿಕ್ಕಂದಿನಲ್ಲಿ ಟ್ರಂಪೆಟ್ ಊದಿ ಪಳಗಿದ ಉಸಿರೇ ತಮ್ಮ ಕಂಠವನ್ನು ಕಾಪಾಡಿತೆಂದು ಹೇಳಿಕೊಳ್ಳುತ್ತಿದ್ದರು.

ದಿಂಬನ್ನು ಇಂದೇ ಬಿಟ್ಟುಬಿಡಿ. ಅಕ್ಕಪಕ್ಕದವರಿಗೆ ಕೇಳಬಾರದೆಂಬ ಸಂಕೋಚ ನನಗೆ ಅರ್ಥವಾಗುತ್ತದೆ, ಆದರೆ ದಿಂಬಿಗೆ ಮುಖ ಒತ್ತಿದಾಗ ದವಡೆ ಬಿಗಿಯುತ್ತದೆ, ನಿಮ್ಮ ದನಿ ನಿಮಗೇ ಸರಿಯಾಗಿ ಕೇಳಿಸುವುದಿಲ್ಲ, ಕೇಳಿಸದಿದ್ದಾಗ ಗಂಟಲು ತನಗೆ ತಿಳಿಯದಂತೆಯೇ ಇನ್ನಷ್ಟು ಒತ್ತುತ್ತದೆ. ನೆಟ್ಟಗೆ ನಿಂತು, ತುಟಿಗಳನ್ನು ಸಡಿಲ ಬಿಟ್ಟು ಮಕ್ಕಳು ಗಾಡಿ ಓಡಿಸುವಾಗ ಮಾಡುವಂತೆ ‘ಬ್ರ್‌ರ್’ ಎಂದು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹತ್ತು ನಿಮಿಷ ಜಾರಿಸಿ. ಆಮೇಲೆ ದಣಿದವರು ನಿಟ್ಟುಸಿರು ಬಿಡುವ ಹಾಗೆ ಉಸಿರು ಬಿಡುತ್ತಾ, ಆ ಉಸಿರಿಗೆ ಸ್ವಲ್ಪವೇ ಒರಟುತನ ಸೇರಿಸಿ, ಮಾತಿನಷ್ಟೇ ಮೆಲ್ಲಗೆ. ಒಟ್ಟು ಇಪ್ಪತ್ತು ನಿಮಿಷ ಸಾಕು. ಕೆರೆತವೋ ಕೆಮ್ಮೋ ಬಂದರೆ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತೆಂದು ತಿಳಿಯಿರಿ. ಗಂಟಲು ಕಟ್ಟಿದ ದಿನ ಪಿಸುಮಾತಿನಲ್ಲಿ ಕಾಲ ತಳ್ಳಬೇಡಿ, ಪಿಸುಗುಟ್ಟುವುದೂ ಅನೇಕರಲ್ಲಿ ತಂತುಗಳಿಗೆ ದಣಿವು ತರುತ್ತದೆ, ಮೌನವಾಗಿರಿ. ಹಾಡುವ ಮುನ್ನ ಗಟಗಟನೆ ಕುಡಿಯುವ ನೀರು ಅನ್ನನಾಳಕ್ಕೆ ಇಳಿಯುತ್ತದೆಯೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಹೀಗಾಗಿ ಬೆಳಗಿನಿಂದಲೇ ಆಗಾಗ ಕುಡಿಯುತ್ತಿರಬೇಕು.

ಅಮ್ಮನ ಭಯಕ್ಕೆ ಆಧಾರವಿಲ್ಲದೆ ಇಲ್ಲ ಎಂಬುದು ಇಷ್ಟರಲ್ಲಿ ನಿಮಗೇ ಹೊಳೆದಿರಬಹುದು. ಅವರು ಕೇಳುತ್ತಿರುವುದು ನಿಮ್ಮ ಸಂಗೀತವನ್ನಲ್ಲ, ಬೆಳಗಿನ ನಿಮ್ಮ ಒಡೆದ ದನಿಯನ್ನು. ವೈದ್ಯರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ಇನ್ನು ಶ್ರುತಿಯ ವಿಷಯ. ನಿಮ್ಮ ನಾಲ್ಕು ವಾರಗಳಲ್ಲಿ ಹೆಚ್ಚಿನ ಪಾಲು ಇದಕ್ಕೇ ಹೋಗಬೇಕೆಂದು ನಾನು ಬಯಸುತ್ತೇನೆ. ಗಂಡಸಿನ ಕಂಠಕ್ಕೆಂದು ಕೂಡಿಸಿದ ರಾಗವನ್ನು ಅದೇ ಎತ್ತರದಲ್ಲಿ ಹಾಡಲು ಹೋದಾಗ ನಿಮ್ಮ ದನಿ ತನಗೆ ಬಲವೇ ಇಲ್ಲದ ತಳಭಾಗಕ್ಕೆ ಇಳಿಯುತ್ತದೆ, ಅಲ್ಲಿ ತೂಕ ಬರಲೆಂದು ನೀವು ಗಂಟಲನ್ನು ಹಿಂಡುತ್ತೀರಿ, ಆಮೇಲೆ ಅದೇ ಹಿಂಡಿದ ಗಂಟಲಿನಿಂದ ಗರ್ಜನೆಗೆ ನೆಗೆಯುತ್ತೀರಿ. ನಿಮ್ಮ ಬೆಳಗಿನ ತೊಂದರೆ ಬಹುಶಃ ಗ್ರೌಲ್‌ಗಿಂತ ಮೊದಲು, ಆ ಮೆಲುದನಿಯ ಸಾಲುಗಳಲ್ಲೇ ಆರಂಭವಾಗಿರುತ್ತದೆ. ಹೊಂದದ ಶ್ರುತಿ ಎಷ್ಟು ದೊಡ್ಡವರನ್ನೂ ಬಳಲಿಸುತ್ತದೆ ಎಂಬುದಕ್ಕೆ ಐರನ್ ಮೇಡನ್ ಬ್ಯಾಂಡಿನ ಕಥೆಯೇ ಇದೆ. ತಾರಸ್ಥಾಯಿಯಲ್ಲಿ ಲೀಲಾಜಾಲವಾಗಿ ಹಾಡುತ್ತಿದ್ದ ಬ್ರೂಸ್ ಡಿಕಿನ್ಸನ್ 1993ರಲ್ಲಿ ಹೊರನಡೆದ ಮೇಲೆ, 1994ರಲ್ಲಿ ಅವರ ಜಾಗಕ್ಕೆ ಬಂದ ಬ್ಲೇಜ್ ಬೇಲಿ ಅವರದು ಹೆಚ್ಚು ಗಂಭೀರವಾದ, ಕೆಳಸ್ಥಾಯಿಯ ಕಂಠ. ಅವರಿಗೆಂದೇ ಹುಟ್ಟಿದ ಹಾಡುಗಳಲ್ಲಿ ಆ ದನಿಗೆ ತನ್ನದೇ ಘನತೆಯಿತ್ತು. ಹಿಂದಿನವರ ಹಾಡುಗಳನ್ನು ರಾತ್ರಿ ರಾತ್ರಿ ವೇದಿಕೆಯ ಮೇಲೆ ಹಾಡಬೇಕಾಗಿ ಬಂದಾಗ ಅವರು ಹೆಣಗಿದರು, ದನಿ ಕೈಕೊಟ್ಟು ಕೆಲವು ಕಾರ್ಯಕ್ರಮಗಳು ರದ್ದಾದವು, 1999ರಲ್ಲಿ ಡಿಕಿನ್ಸನ್ ಮರಳಿ ಬಂದರು. ಬೇಲಿ ಕಡಿಮೆ ಗಾಯಕರೆಂದು ನಾನು ಒಪ್ಪುವುದಿಲ್ಲ. ಅವರ ಮೈಗೆ ಇನ್ನೊಬ್ಬರ ಅಳತೆಯ ಅಂಗಿ ತೊಡಿಸಲಾಗಿತ್ತು. ಇದಕ್ಕೆ ತಿರುಗುಮುರುಗಾಗಿ, 1979ರಲ್ಲಿ ಓಝಿ ಆಸ್ಬರ್ನ್ ಅವರ ನಂತರ ಬ್ಲ್ಯಾಕ್ ಸಬ್ಬತ್ ಸೇರಿದ ಡಿಯೊ, ಆಸ್ಬರ್ನ್ ಅವರ ದನಿಯ ಗೊಡವೆಗೇ ಹೋಗಲಿಲ್ಲ. ಬ್ಯಾಂಡಿನ ಹಾಡು ಕಟ್ಟುವ ರೀತಿಯೇ ಅವರ ಕಂಠವನ್ನು ಅನುಸರಿಸಿ ಬದಲಾಯಿತು, 1980ರ ಆಲ್ಬಂನಲ್ಲಿ ಅದು ಎದ್ದು ಕೇಳಿಸುತ್ತದೆ.

ಆದ್ದರಿಂದ ಇಂದು ಸಂಜೆಯೇ ಗಿಟಾರ್ ವಾದಕರಿಗೆ ಒಂದು ಸಂದೇಶ ಕಳುಹಿಸಿ, ನಾಲ್ಕರಲ್ಲಿ ಎರಡು ಹಾಡುಗಳ ರಾಗವನ್ನು ನನ್ನ ಎತ್ತರಕ್ಕೆ ಒಯ್ದು ಹಾಡಲೇ ಎಂದು ಕೇಳಿ. ಇಡೀ ಹಾಡಿನ ಶ್ರುತಿಯನ್ನೇ ಏರಿಸಿ ಎಂದರೆ ಅವರು ಹಿಂದೆಮುಂದೆ ನೋಡುವುದು ಸಹಜ, ತಗ್ಗಿಸಿ ಕಟ್ಟಿದ ದಪ್ಪ ತಂತಿಯ ಮೇಲೆ ನುಡಿಯುವ ರಿಫ್, ಎಂದರೆ ಮತ್ತೆ ಮತ್ತೆ ಬರುವ ಗಿಟಾರ್ ಸ್ವರಗುಚ್ಛ, ಮೇಲಕ್ಕೆ ಹೋದರೆ ಅದರ ಭಾರವೇ ಇಳಿದುಹೋಗುತ್ತದೆ. ರಿಫ್ ಇದ್ದಲ್ಲೇ ಇರಲಿ, ಹಾಡುವ ರಾಗ ಮಾತ್ರ ಮೇಲಿನ ಸ್ಥಾಯಿಗೆ ಏರಲಿ ಎಂದರೆ ಅವರಿಗೂ ನಿಮಗೂ ಅನುಕೂಲ. ಕೆಲವು ಸಾಲುಗಳಲ್ಲಿ ಪೂರ್ತಿ ಒಂದು ಸ್ಥಾಯಿ ಏರಿಸಬೇಕಾದೀತು, ಕೆಲವು ಕಡೆ ಮಧ್ಯದಲ್ಲೇ ಹೊಸ ದಾರಿ ಹುಡುಕಬೇಕಾದೀತು. ಇನ್ನೊಂದು ಮಾತು: ಹಿಂದಿನ ಗಾಯಕರು ಎಂದೂ ಹಾಡಿರದ, ಬ್ಯಾಂಡಿನವರು ಇನ್ನೂ ಮಾತು ಕೂಡಿಸದೆ ಇಟ್ಟಿರುವ ಒಂದು ರಚನೆ ಇದ್ದರೆ ಅದನ್ನೂ ಕೇಳಿ ಪಡೆಯಿರಿ. ಅದರಲ್ಲಿ ಯಾರನ್ನೂ ಅನುಕರಿಸಲು ನಿಮಗೆ ದಾರಿಯಿರುವುದಿಲ್ಲ.

ಅಭಿಮಾನಿ ಗಾಯಕಿಯಾಗಬಹುದೇ ಎಂದು ಕೇಳಿದ್ದೀರಿ. ಜುಡಾಸ್ ಪ್ರೀಸ್ಟ್ ಹಾಡುಗಳನ್ನೇ ಹಾಡುವ ಬ್ಯಾಂಡೊಂದರಲ್ಲಿದ್ದ ಟಿಮ್ ಓವೆನ್ಸ್ 1996ರಲ್ಲಿ ಅದೇ ಜುಡಾಸ್ ಪ್ರೀಸ್ಟ್‌ನ ಗಾಯಕರಾದರು, ಎರಡು ಸ್ಟುಡಿಯೋ ಆಲ್ಬಂ ಹಾಡಿದರು, 2003ರಲ್ಲಿ ಹಿಂದಿನ ಗಾಯಕ ರಾಬ್ ಹ್ಯಾಲ್ಫರ್ಡ್ ಹಿಂದಿರುಗಿದಾಗ ಹೊರಬಂದು ಬೇರೆ ಬ್ಯಾಂಡ್‌ಗಳಲ್ಲಿ ಹಾಡುತ್ತಾ ಮುಂದುವರಿದರು. ನಿಮಗೆ ಇನ್ನೂ ಹತ್ತಿರದ ಉದಾಹರಣೆ ಏಂಜೆಲಾ ಗೊಸೊ ಅವರದು. ಸಂದರ್ಶನ ಮಾಡಲೆಂದು ಆರ್ಚ್ ಎನಿಮಿ ಬ್ಯಾಂಡಿನ ಗಿಟಾರ್ ವಾದಕ ಮೈಕೆಲ್ ಅಮೊಟ್ ಅವರನ್ನು ಕಂಡಾಗ ತಮ್ಮ ದನಿಯ ಧ್ವನಿಮುದ್ರಣವನ್ನೂ ಅವರ ಕೈಗಿತ್ತಿದ್ದರು. ಬ್ಯಾಂಡಿಗೆ ಹೊಸ ದನಿ ಬೇಕಾದಾಗ, 2000ದಲ್ಲಿ, ಕರೆ ಬಂತು. ಗಂಡಸು ಗರ್ಜಿಸುತ್ತಿದ್ದ ಜಾಗದಲ್ಲಿ ಅವರು ನಿಂತು, 2014ರವರೆಗೂ ಹಾಡಿದರು. ಆದರೆ ಈ ಕಥೆಯಲ್ಲಿ ಮರೆಯಬಾರದ ಸಂಗತಿಯೆಂದರೆ, ಅಷ್ಟರಲ್ಲಿ ಅವರು ಹೆಚ್ಚು ಹೆಸರಿಲ್ಲದ ಬ್ಯಾಂಡ್‌ಗಳಲ್ಲಿ ವರ್ಷಗಟ್ಟಲೆ ಹಾಡಿ ಪಳಗಿದ್ದರು. ನಿಮಗೆ ಆ ವರ್ಷಗಳಿಲ್ಲ, ಅದನ್ನು ಬ್ಯಾಂಡಿನವರಿಗೆ ಮೊದಲೇ ಹೇಳಿಬಿಡಿ. ಅವರಿಗಿಲ್ಲದ ಒಂದು ನಿಮ್ಮಲ್ಲಿದೆ: ಆರು ವರ್ಷ ಎದುರಿಗೆ ನಿಂತು ಕೇಳಿದ್ದರಿಂದ, ಯಾವ ಸಾಲಿಗೆ ಮೊದಲ ಸಾಲಿನವರೆಲ್ಲ ಬಾಯಿಗೂಡಿಸುತ್ತಾರೆ, ಯಾವ ಹಾಡಿನ ಹೊತ್ತಿಗೆ ಹಿಂದಿನವರು ಮಾತಿಗೆ ತೊಡಗುತ್ತಾರೆ ಎಂಬುದು ವೇದಿಕೆಯ ಮೇಲಿದ್ದ ಯಾರಿಗಿಂತಲೂ ನಿಮಗೆ ಚೆನ್ನಾಗಿ ಗೊತ್ತು.

ನೀವು ಕಳೆದುಕೊಳ್ಳುವುದೂ ಇದೆ, ಅದನ್ನು ಮರೆಮಾಚಲು ನನಗೆ ಮನಸ್ಸಿಲ್ಲ. ಇನ್ನು ಮುಂದೆ ಆ ಬ್ಯಾಂಡನ್ನು ಎದುರಿನಿಂದ ಕೇಳುವ ಸುಖ ನಿಮಗಿರುವುದಿಲ್ಲ. ಹಾಡಿನ ನಡುವೆ ಮೈಮರೆಯುವುದನ್ನು ಬಿಟ್ಟು ಮುಂದಿನ ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ಎಣಿಸುತ್ತಿರುತ್ತೀರಿ. ಮೊದಲ ಕೆಲವು ಕಾರ್ಯಕ್ರಮಗಳಲ್ಲಿ ನಿಮ್ಮ ಗೆಳೆಯರೇ ಕೈಕಟ್ಟಿ ನಿಂತಾರು. ಅವರೊಡನೆ ವಾದಕ್ಕಿಳಿಯಬೇಡಿ, ಅವರಿಗೂ ಮೆಚ್ಚಿದ ದನಿಯೊಂದು ದೂರವಾದ ನೋವಿದೆ, ಮೂರು ತಿಂಗಳ ಹಿಂದೆ ನಿಮಗೂ ಅದೇ ನೋವಿತ್ತಲ್ಲವೇ?

ದ್ರೋಹದ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಅವರನ್ನು ಯಾರೂ ಹೊರಹಾಕಿಲ್ಲ, ತಾವಾಗಿಯೇ ತೊರೆದರೆಂದು ನೀವೇ ಬರೆದಿದ್ದೀರಿ. ಆದರೂ ಸುದ್ದಿ ಬೇರೆಯವರ ಬಾಯಿಂದ ಅವರಿಗೆ ತಲುಪುವುದು ಚೆನ್ನಾಗಿರುವುದಿಲ್ಲ. ಹಾಡಿ ನೋಡಲು ಕರೆದಿದ್ದಾರೆ, ನಿಮ್ಮ ಹಾಡುಗಳನ್ನು ಕೇಳಿಯೇ ನಾನು ಇಲ್ಲಿಗೆ ಬಂದವಳು ಎಂದು ಎರಡು ಸಾಲು ಬರೆಯಿರಿ. ಒಪ್ಪಿಗೆ ಕೇಳಬೇಡಿ, ಕೊಡುವ ಹಕ್ಕು ಅವರದಲ್ಲ.

ಹಾಡುವ ದಿನ ಕಿವಿಗೆ ಸಂಗೀತಗಾರರು ಬಳಸುವ ಇಯರ್‌ಪ್ಲಗ್ ಇರಲಿ. ದಿನಕ್ಕೆ 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದೆಂದು ಲೆಕ್ಕ ಹಾಕುವ ಅದೇ ಮಾನದಂಡ 100 ಡೆಸಿಬೆಲ್‌ಗೆ ಕೊಡುವುದು ಕೇವಲ 15 ನಿಮಿಷ, ಮುಚ್ಚಿದ ಕೋಣೆಯ ಡ್ರಮ್ಸ್ ಅಲ್ಲಿಗೆ ಸುಲಭವಾಗಿ ಮುಟ್ಟುತ್ತದೆ. ಆರಂಭಿಸುವ ಮೊದಲು, ಹಾಡುವವರ ಕಡೆಗೆ ತಿರುಗಿಸಿಟ್ಟ ಸ್ಪೀಕರಾದ ಮಾನಿಟರ್‌ನಲ್ಲಿ ನನ್ನ ದನಿ ಕೇಳಿಸುತ್ತಿಲ್ಲ, ಸ್ವಲ್ಪ ಏರಿಸಿ ಎಂದು ಕೇಳಲು ಹಿಂಜರಿಯಬೇಡಿ, ಸಂಕೋಚಕ್ಕೆ ಗಂಟಲು ದಂಡ ತೆರಬಾರದು. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು ನೋಡಲು ಗತ್ತಾಗಿ ಕಾಣಬಹುದು, ಆದರೆ ದನಿ ಮಂಕಾಗಿ ಸ್ಪೀಕರ್ ಕಿರುಚಲು ತೊಡಗುತ್ತದೆ, ಹಿಡಿಯನ್ನೇ ಹಿಡಿಯಿರಿ. ನಿಮಗೆ ಅತಿ ಕಷ್ಟದ ಹಾಡನ್ನು ಕೊನೆಗಿಡದೆ ಎರಡನೆಯದಾಗಿ ಹಾಡಿ, ಗಂಟಲು ಬೆಚ್ಚಗಾಗಿ ಇನ್ನೂ ದಣಿಯದಿರುವ ಹೊತ್ತು ಅದು.

ಅವರು ಒಪ್ಪಿದರೋ ಇಲ್ಲವೋ ಎಂಬುದು ಆ ಸಂಜೆಯೇ ತಿಳಿಯದೆ ಇರಬಹುದು. ನನಗೆ ಅದಕ್ಕಿಂತ ಮೊದಲು ತಿಳಿಯಬೇಕಾಗಿರುವುದು ಬೇರೆ: ಮರುದಿನ ಬೆಳಿಗ್ಗೆ ಫೋನ್ ಬಂದಾಗ ನಿಮ್ಮ ‘ಹಲೋ’ ಹೇಗೆ ಹೊರಟಿತೆಂದು ದಯವಿಟ್ಟು ಬರೆಯಿರಿ.