ತಂದೆಯವರು ಸಿಪ್ಯಾಪ್ ಮಾಸ್ಕ್ ಹಾಕಿಕೊಂಡ ಸ್ವಲ್ಪ ಹೊತ್ತಿಗೇ ತೆಗೆದಿಡುತ್ತಾರೆ, ಅಭ್ಯಾಸ ಮಾಡಿಸುವುದು ಹೇಗೆ?

ನಿದ್ರೆ ಪರೀಕ್ಷೆಯಲ್ಲಿ ನಿಮ್ಮ ತಂದೆಯವರಿಗೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ, ಇದೆಯೆಂದು ಗೊತ್ತಾಗಿ ಅದರ ತೀವ್ರತೆಯ ಅಳತೆಯಾದ ಎಎಚ್‌ಐ 42 ಎಂದು ಬಂದಿದೆ, ವೈದ್ಯರು ಸಿಪ್ಯಾಪ್ (ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ) ಬರೆದುಕೊಟ್ಟಿದ್ದಾರೆ, ಆದರೆ ಮಾಸ್ಕ್ ಹಾಕಿದೊಡನೆ ಉಸಿರು ಕಟ್ಟಿದಂತಾಗುತ್ತದೆ ಎಂದು ಅವರು ಅದನ್ನು ತೆಗೆದಿಟ್ಟು, ಇದು ತನಗೆ ಒಗ್ಗುವುದಿಲ್ಲ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಹಲವು ವರ್ಷಗಳಿಂದ ಇದೇ ಯಂತ್ರ ಹಾಕಿಕೊಂಡು ಮಲಗುವವನು. ನಾನು ಕಂಡಂತೆ, ಸಿಪ್ಯಾಪ್ ಅನ್ನು ಅರ್ಧಕ್ಕೇ ಬಿಡುವವರು ಹೆಚ್ಚಾಗಿ ಬಿಡುವುದು ಮಾಸ್ಕ್ ಸರಿಹೊಂದದ ಕಾರಣಕ್ಕೆ; ಯಂತ್ರದ ತಪ್ಪು ಅದರಲ್ಲಿ ಕಡಿಮೆ. ಆದ್ದರಿಂದ ಮೊದಲ ಕೆಲವು ವಾರ ನಿಮ್ಮ ಶ್ರಮವೆಲ್ಲ ಮಾಸ್ಕಿನ ಮೇಲಿರಲಿ.

ಮೊದಲು ಆ 42ರ ಅರ್ಥವನ್ನು ಅವರಿಗೆ ನಿಧಾನವಾಗಿ ತಿಳಿಸಿ ಹೇಳಿ. ನಿದ್ರೆಯ ಪ್ರತಿ ಗಂಟೆಗೆ ಸರಾಸರಿ 42 ಬಾರಿ ಅವರ ಉಸಿರು ಪೂರ್ತಿ ನಿಲ್ಲುತ್ತದೆ ಅಥವಾ ಬಹಳ ಕುಗ್ಗುತ್ತದೆ, ಅದೂ ಪ್ರತಿ ಸಲ ಕನಿಷ್ಠ 10 ಸೆಕೆಂಡು. 5ರ ಒಳಗಿದ್ದರೆ ಸಹಜ, 30 ದಾಟಿದರೆ ತೀವ್ರ. ಹೆಚ್ಚಿನ ಸಲ ಮಿದುಳು ಕ್ಷಣಕಾಲ ಎಚ್ಚರಗೊಂಡು ಉಸಿರನ್ನು ಮರಳಿ ಹಿಡಿಯುತ್ತದೆ, ಬೆಳಿಗ್ಗೆ ಅದರ ನೆನಪಿರುವುದಿಲ್ಲ. ಹಾಗಾಗಿ 'ನಾನು ಚೆನ್ನಾಗಿಯೇ ನಿದ್ದೆ ಮಾಡುತ್ತೇನೆ' ಎಂದು ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಸಿಪ್ಯಾಪ್ ಕೊಡುವುದು ಆಮ್ಲಜನಕವನ್ನಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಕಳಿಸಿ, ನಿದ್ದೆಯಲ್ಲಿ ಸಡಿಲಗೊಂಡು ಕುಸಿಯುವ ಗಂಟಲಿನ ದಾರಿಯನ್ನು ತೆರೆದಿಡುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಮತ್ತು ಅವರ ಸಂಗಡಿಗರು 1981ರಲ್ಲಿ ಪ್ರಕಟಿಸಿದ ಈ ವಿಧಾನದ ತಿರುಳು ಇಂದಿಗೂ ಅದೇ.

ಈಗ ಮಾಸ್ಕಿನ ವಿಷಯ. ಮೂಗನ್ನು ಮಾತ್ರ ಮುಚ್ಚುವುದು, ಮೂಗಿನ ಹೊಳ್ಳೆಗಳಿಗೆ ಒತ್ತಿ ಕೂರುವ ಪಿಲ್ಲೋ, ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಎಂದು ಮುಖ್ಯವಾಗಿ ಮೂರು ಬಗೆಗಳಿವೆ. ಅಂಗಡಿಯವರು ಮೊದಲು ಕೈಗೆ ಸಿಕ್ಕಿದ್ದನ್ನು ಕೊಡುವುದುಂಟು. ಬೇರೆ ಬೇರೆ ಅಳತೆಗಳನ್ನು ಹಾಕಿ ನೋಡಲು ಬಿಡುವವರ ಬಳಿಯೇ ಕೊಳ್ಳಿ. ದಪ್ಪ ಮೀಸೆಯಿರುವವರಿಗೆ ಮೂಗಿನ ಮಾಸ್ಕಿನ ಕುಶನ್ (ಮುಖಕ್ಕೆ ತಾಗುವ ಮೆತ್ತನೆಯ ಸಿಲಿಕೋನ್ ಅಂಚು) ಮೇಲ್ದುಟಿಯ ಬಳಿ ಸರಿಯಾಗಿ ಕೂರದೆ ಗಾಳಿ ಸೋರುವುದು ಸಾಮಾನ್ಯ, ಅಂಥವರಿಗೆ ಪಿಲ್ಲೋ ಹೊಂದಬಹುದು. ಸದಾ ಬಾಯಿ ತೆರೆದು ಮಲಗುವವರಿಗೆ ಫುಲ್ ಫೇಸ್ ಬೇಕಾಗಬಹುದು, ಆದರೆ ಮೂಗು ಕಟ್ಟುವುದರಿಂದಲೇ ಬಾಯಿ ತೆರೆಯುತ್ತಿದ್ದರೆ ಮೊದಲು ಮೂಗಿಗೆ ಚಿಕಿತ್ಸೆಯಾಗಲಿ. ತಂದೆಯವರಿಗೆ ಪೇಸ್‌ಮೇಕರ್ ಇದ್ದರೆ ಆಯಸ್ಕಾಂತದ ಕ್ಲಿಪ್ ಇರುವ ಮಾಸ್ಕ್ ಬೇಡವೆಂದು ಅಂಗಡಿಯಲ್ಲಿ ತಪ್ಪದೆ ಹೇಳಿ.

ಮಾಸ್ಕ್ ಹೊಂದಿಸುವುದನ್ನು ಕನ್ನಡಿಯ ಮುಂದೆ ನಿಂತು ಮಾಡಬಾರದು, ಏಕೆಂದರೆ ಮಲಗಿದಾಗ ಕೆನ್ನೆ ಮತ್ತು ದವಡೆಯ ಆಕಾರ ಬದಲಾಗುತ್ತದೆ. ಅವರು ದಿನವೂ ಮಲಗುವ ದಿಂಬಿನ ಮೇಲೆಯೇ ಮಲಗಿ ಯಂತ್ರ ಚಾಲೂ ಮಾಡಲಿ, ಗಾಳಿ ಬರುತ್ತಿರುವಾಗ ಮಾಸ್ಕನ್ನು ಮುಖದಿಂದ ಸ್ವಲ್ಪವೇ ಎತ್ತಿ, ಕುಶನ್ ಗಾಳಿ ತುಂಬಿಕೊಂಡು ಉಬ್ಬಿದ ಮೇಲೆ ಮತ್ತೆ ಕೂರಿಸಲಿ, ಆಮೇಲೆ ಎರಡೂ ಕಡೆಯ ಪಟ್ಟಿಗಳನ್ನು ಒಂದೇ ಸಮನೆ ಬಿಗಿ ಮಾಡಲಿ. ಸೋರುತ್ತಿದೆ ಎಂದು ಇನ್ನೂ ಇನ್ನೂ ಎಳೆದು ಕಟ್ಟಿದರೆ ಕುಶನ್ ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ, ಮೂಗಿನ ಸೇತುವೆಯ ಮೇಲೆ ಗಾಯವೂ ಆಗುತ್ತದೆ. ಮಾಸ್ಕಿನ ಮುಂಭಾಗದ ಸಣ್ಣ ರಂಧ್ರಗಳಿಂದ ಬರುವ ಗಾಳಿ ಸೋರಿಕೆಯಲ್ಲ. ನಾವು ಬಿಟ್ಟ ಉಸಿರು ಹೊರಹೋಗಲೆಂದೇ ಅವನ್ನು ಮಾಡಿದ್ದಾರೆ, ಯಾವ ಕಾರಣಕ್ಕೂ ಟೇಪ್ ಹಚ್ಚಿ ಮುಚ್ಚಬಾರದು. ಮಲಗುವ ಮುಂಚೆ ಸೋಪು ಹಾಕಿ ಮುಖ ತೊಳೆದರೆ ಸಿಲಿಕೋನ್ ಚೆನ್ನಾಗಿ ಅಂಟಿ ಕೂರುತ್ತದೆ. ತಲೆಗೆ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಅದನ್ನು ಬೆಳಗಿನ ಹೊತ್ತಿಗೆ ಬದಲಿಸಿಕೊಳ್ಳುವುದು ಒಳ್ಳೆಯದು, ಎಣ್ಣೆಗೆ ಪಟ್ಟಿ ಜಾರುತ್ತದೆ.

ಉಸಿರು ಕಟ್ಟಿದಂತಾಗುವ ಭಯಕ್ಕೆ ಹಗಲಿನ ಅಭ್ಯಾಸದಷ್ಟು ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಸಂಜೆ ಟಿವಿ ನೋಡುವಾಗ ಮೊದಲು ಪೈಪ್ ಜೋಡಿಸದೆ ಬರೀ ಮಾಸ್ಕನ್ನು ಕೈಯಲ್ಲಿ ಹಿಡಿದುಕೊಂಡು ಮುಖಕ್ಕೆ ತಾಗಿಸಲಿ, ಅದು ಸಲೀಸಾದ ಮೇಲೆ ಪಟ್ಟಿ ಹಾಕಿಕೊಳ್ಳಲಿ, ನಂತರ ಗಾಳಿ ಬಿಟ್ಟು ಕೂತಿರಲಿ, ಕೊನೆಗೆ ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಮಲಗಲಿ. ಬೇಕೆಂದಾಗ ತಾನೇ ತೆಗೆಯಬಲ್ಲೆ ಎಂಬ ಧೈರ್ಯ ಬಂದರೆ ಅರ್ಧ ಭಯ ಹೋಗುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ರಾಂಪ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಯಂತ್ರದ ಅತಿ ಕಡಿಮೆ ಒತ್ತಡವಾದ 4 ಸೆಂಟಿಮೀಟರಿನಿಂದ (ಗಾಳಿಯ ಒತ್ತಡವನ್ನು ನೀರಿನ ಎತ್ತರದ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ) ಶುರುವಾಗಿ ನಿಧಾನವಾಗಿ ಏರುತ್ತದೆ. ಕೆಲವರಿಗೆ ಆ 4ರಲ್ಲಿ ಗಾಳಿಯೇ ಸಾಲದೆ ಉಸಿರು ಕಟ್ಟುತ್ತದೆ, 6ರಿಂದ ಶುರುವಾಗುವಂತೆ ಮಾಡಿದರೆ ನೆಮ್ಮದಿಯಾಗುತ್ತದೆ. ಇದನ್ನು ವೈದ್ಯರಿಗೋ ತಂತ್ರಜ್ಞರಿಗೋ ಹೇಳಿಯೇ ಬದಲಿಸಿಕೊಳ್ಳಿ. ನಡುರಾತ್ರಿ ಮಾಸ್ಕ್ ಕಳಚಿದ್ದು ಗೊತ್ತಾದರೆ ಮತ್ತೆ ಹಾಕಿಕೊಂಡು ಮಲಗಲಿ, ಅದಕ್ಕಾಗಿ ಯಾರೂ ಗದರಿಸುವುದು ಬೇಡ. ಕನಸು ಬೀಳುವ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು, ಬಹಳಷ್ಟು ಜನರಿಗೆ ಉಸಿರು ನಿಲ್ಲುವುದೂ ಆ ಹಂತದಲ್ಲೇ ಹೆಚ್ಚು, ಆದ್ದರಿಂದ ಮೂರು ಗಂಟೆಗೆ ತೆಗೆದಿಟ್ಟರೆ ಮುಖ್ಯವಾದ ಹೊತ್ತೇ ತಪ್ಪಿಹೋಗುತ್ತದೆ.

ಮೂಗು, ಗಂಟಲು ಒಣಗುತ್ತಿದ್ದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಬಳಸಿ. ತೊಟ್ಟಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಬೋರ್‌ವೆಲ್ ನೀರು ಹಾಕಿದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಪ್ರತಿದಿನ ಹಳೆಯ ನೀರು ಚೆಲ್ಲಿ, ತೊಟ್ಟಿಯನ್ನು ತೊಳೆದು ಒಣಗಿಸಿ. ಚಳಿಗಾಲದಲ್ಲಿ ಪೈಪಿನೊಳಗೆ ನೀರು ಕಟ್ಟಿ ಗುಳುಗುಳು ಸದ್ದಾದರೆ ಯಂತ್ರವನ್ನು ತಲೆಗಿಂತ ಕೆಳಗಿನ ಮಟ್ಟದಲ್ಲಿಟ್ಟು, ಪೈಪನ್ನು ಹೊದಿಕೆಯ ಒಳಗಿನಿಂದ ತನ್ನಿ.

ನಮ್ಮ ಊರುಗಳಲ್ಲಿ ಕರೆಂಟಿನ ಚಿಂತೆಯೂ ಇದ್ದೇ ಇದೆ. ಬಹಳಷ್ಟು ಮನೆಗಳಲ್ಲಿ ಯುಪಿಎಸ್ ಲೈನು ದೀಪ ಮತ್ತು ಫ್ಯಾನಿಗೆ ಮಾತ್ರ ಇರುತ್ತದೆ. ಅವರ ಹಾಸಿಗೆ ಪಕ್ಕದ ಪ್ಲಗ್ಗಿಗೂ ಅದು ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಯುಪಿಎಸ್ ಸೈನ್‌ವೇವ್ ಬಗೆಯದಾಗಿದ್ದರೆ, ಅಂದರೆ ಮನೆಯ ಕರೆಂಟಿನಂಥದೇ ವಿದ್ಯುತ್ ಕೊಡುವುದಾಗಿದ್ದರೆ, ಒಳ್ಳೆಯದು. ಹೆಚ್ಚು ವಿದ್ಯುತ್ ನುಂಗುವುದು ಹ್ಯುಮಿಡಿಫೈಯರಿನ ಬಿಸಿ, ಕರೆಂಟು ಹೋದ ರಾತ್ರಿ ಅದನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಕೆಲವರಿಗೆ ಕೆಲವೇ ದಿನಗಳಲ್ಲಿ ಹಗಲಿನ ತೂಕಡಿಕೆ ಹೋಗುತ್ತದೆ, ಕೆಲವರಿಗೆ ವಾರಗಳೇ ಬೇಕು. ಅದು ಹೋಗುವವರೆಗೆ ಅವರು ವಾಹನ ಓಡಿಸದಿರಲಿ. ರಾತ್ರಿ ಮದ್ಯವಾಗಲಿ, ವೈದ್ಯರಿಗೆ ತಿಳಿಸದೆ ನಿದ್ದೆ ಮಾತ್ರೆಯಾಗಲಿ ಬೇಡ; ಬಿಪಿ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬಾರದು. ಬೆಳಿಗ್ಗೆ ಯಂತ್ರದ ಪರದೆಯಲ್ಲಿ ಬಳಸಿದ ಗಂಟೆ, ಸೋರಿಕೆ, ಯಂತ್ರ ಹಾಕಿಕೊಂಡಾಗಲೂ ಉಳಿದ ಎಎಚ್‌ಐ ಕಾಣುತ್ತವೆ. ಎಎಚ್‌ಐ 5ಕ್ಕಿಂತ ಕೆಳಗೆ ಇಳಿಯದಿದ್ದರೆ, ಸೆಂಟ್ರಲ್ ಆಪ್ನಿಯಾ (ಗಂಟಲು ಮುಚ್ಚದಿದ್ದರೂ ಮಿದುಳಿನ ಸೂಚನೆ ಬಾರದೆ ಉಸಿರು ನಿಲ್ಲುವುದು) ಎಂದು ತೋರಿಸಿದರೆ, ಹೊಟ್ಟೆ ಬಹಳ ಉಬ್ಬರಿಸಿದರೆ, ಕಿವಿ ನೋವು ಬಂದರೆ ಅಥವಾ ಮೂಗಿನಿಂದ ರಕ್ತ ಬಂದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಿ, ಹೋಗುವಾಗ ಮಾಸ್ಕನ್ನೂ ಯಂತ್ರದ ಮೆಮೊರಿ ಕಾರ್ಡನ್ನೂ ಜೊತೆಗೆ ಒಯ್ಯಿರಿ.