ಇನಾರಿಯಲ್ಲಿ ಕನೂ: ರಾತ್ರಿ ಹೊರಡಿ, ದಡ ಬಿಡಬೇಡಿ

ಅಕ್ಕಾ, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನೀವೂ ಭಾವನೂ ಜೂನ್ ಕೊನೆಯ ವಾರ ಫಿನ್‌ಲ್ಯಾಂಡಿನ ಇನಾರಿ ಸರೋವರಕ್ಕೆ ಬರುತ್ತಿದ್ದೀರಿ. ಬಾಡಿಗೆ ಕನೂನಲ್ಲಿ, ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿಯಲ್ಲಿ, ಮೂರು ದಿನ ಸುತ್ತುವ ಆಸೆ. ಹೊನ್ನೇಮರಡಿನ ಹಿನ್ನೀರಿನಲ್ಲಿ ಎರಡು ಸಲ ಹುಟ್ಟು ಹಾಕಿದ ಅನುಭವ ಇದೆ. ಸೂರ್ಯ ಮುಳುಗುವುದೇ ಇಲ್ಲ ಅಂದಮೇಲೆ ದಿನಕ್ಕೆ 30 ಕಿಲೋಮೀಟರ್ ಹೋಗಬಹುದಲ್ವಾ ಅಂತ ಕೇಳಿದ್ದೀರಿ. ಅದಕ್ಕೆ ಮೇಲೆ ಒಬ್ಬರು "ಜೂನ್‌ನಲ್ಲಿ ನೀರು ಕನ್ನಡಿ ಥರ ಇರುತ್ತೆ, ಲೈಫ್ ಜಾಕೆಟ್ ಸುಮ್ನೆ ಭಾರ" ಅಂತ ಉತ್ತರ ಕೊಟ್ಟಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ನಾನು ಇಷ್ಟುದ್ದ ಬರೆಯಲು ಕೂತಿರುವುದೇ ಆ ಒಂದು ಸಾಲಿಗೋಸ್ಕರ.

ನಾನಿರುವುದು ಔಲು ಊರಿನಲ್ಲಿ. ಇಲ್ಲಿಂದ ಇನಾರಿ ಹಳ್ಳಿ ಕಾರಿನಲ್ಲಿ ಸುಮಾರು 550 ಕಿಲೋಮೀಟರ್. ಆರು ಬೇಸಿಗೆ ಅಲ್ಲಿಗೆ ಹೋಗಿದ್ದೇನೆ. ನೀವು ಹೆಲ್ಸಿಂಕಿಯಿಂದ ಬರುವುದಾದರೆ ಇವಾಲೋವರೆಗೆ ವಿಮಾನ ಇದೆ, ಆ ನಿಲ್ದಾಣದಿಂದ ಹಳ್ಳಿಗೆ ಸುಮಾರು 50 ಕಿಲೋಮೀಟರ್ ರಸ್ತೆ. ರಾತ್ರಿ ರೈಲಿನಲ್ಲಿ ರೊವಾನಿಯೆಮಿಗೆ ಬಂದು ಬಸ್ ಹಿಡಿದರೂ ಆಗುತ್ತದೆ, ಆದರೆ ಬಸ್ಸಿನಲ್ಲೇ ಅರ್ಧ ದಿನ ಹೋಗುತ್ತದೆ.

ಮೊದಲು ನೀರಿನ ವಿಷಯ. ಇನಾರಿ ಮೇಲಿನ ಮಂಜುಗಡ್ಡೆ ಪೂರ್ತಿ ಕರಗುವುದೇ ಸಾಮಾನ್ಯವಾಗಿ ಜೂನ್ ಮೊದಲ ವಾರದ ಸುಮಾರಿಗೆ. ನೀವು ಬರುವಾಗ ಅದಕ್ಕೆ ಮೂರು ವಾರ ಆಗಿರುತ್ತದೆ ಅಷ್ಟೇ. ಸರೋವರದ ಆಳ ಒಂದೊಂದು ಕಡೆ 90 ಮೀಟರ್ ದಾಟುತ್ತದೆ. ಅಷ್ಟು ನೀರು ಮೂರು ವಾರದಲ್ಲಿ ಎಲ್ಲಿ ಕಾಯುತ್ತದೆ? ದಡದ ಹತ್ತಿರ ಕಾಲಿಟ್ಟರೆ ಪರವಾಗಿಲ್ಲ ಅನಿಸಬಹುದು. ನಡುವೆ 10 ಡಿಗ್ರಿ ಆಸುಪಾಸು. ಶರಾವತಿ ಹಿನ್ನೀರಿನಲ್ಲಿ ದೋಣಿ ಮಗುಚಿದರೆ ನಗುತ್ತಾ ಈಜಿಕೊಂಡು ಬರುತ್ತೇವೆ. ಇಲ್ಲಿ ಬಿದ್ದ ತಕ್ಷಣ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ, ಬೇಡ ಅಂದರೂ ಬಾಯಿ ತೆರೆದು ಎಳೆದುಕೊಳ್ಳುತ್ತೀರಿ. ಆಗ ತಲೆ ನೀರೊಳಗಿದ್ದರೆ ಅಲ್ಲಿಗೆ ಮುಗಿಯಿತು. ತಣ್ಣೀರಿನಲ್ಲಿ ಓಡಾಡುವವರು 1-10-1 ಅಂತ ಒಂದು ಲೆಕ್ಕ ಹೇಳುತ್ತಾರೆ. ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ಇರುವುದು ಸುಮಾರು 1 ಗಂಟೆ. ಆ ಮೊದಲ ನಿಮಿಷ ಮುಖವನ್ನು ನೀರಿನ ಮೇಲೆ ಇಟ್ಟುಕೊಳ್ಳುವುದು ಜಾಕೆಟ್. ಎಷ್ಟೇ ಚೆನ್ನಾಗಿ ಈಜು ಬಂದರೂ ಆ ಕೆಲಸ ಅದೇ ಮಾಡಬೇಕು. ಕನೂ ದಡ ಬಿಡುವ ಮೊದಲೇ ಹಾಕಿ ಬಕಲ್ ಬಿಗಿ ಮಾಡಿ. ದೋಣಿಯಲ್ಲಿ ಮಡಚಿಟ್ಟ ಜಾಕೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಾನು ಹೇಳಿದೆ ಅಂತ ನಂಬಬೇಕಿಲ್ಲ. ಮೊದಲ ದಿನ ದಡದಲ್ಲಿ ಕೂತು ಮೊಣಕೈವರೆಗೆ ಕೈಯನ್ನು ನೀರಿನಲ್ಲಿಟ್ಟು ನಿಧಾನಕ್ಕೆ 300 ಎಣಿಸಿ. ಆಮೇಲೆ ಶೂ ದಾರ ಕಟ್ಟಲು ಪ್ರಯತ್ನಿಸಿ. ಭಾವನಿಗೂ ಇದನ್ನೇ ಮಾಡಿಸಿ.

ಇನ್ನು 30 ಕಿಲೋಮೀಟರ್ ಮಾತು. ಸಾಮಾನು ತುಂಬಿದ ಕನೂ ಶಾಂತ ನೀರಿನಲ್ಲಿ ಗಂಟೆಗೆ 4 ಕಿಲೋಮೀಟರ್ ಹೋದರೆ ಚೆನ್ನಾಗಿ ಹೋಯಿತು ಅಂತ ಅರ್ಥ. ಇನಾರಿಯಲ್ಲಿ 3,000ಕ್ಕೂ ಜಾಸ್ತಿ ದ್ವೀಪಗಳಿವೆ. ಎಲ್ಲಾ ಒಂದೇ ಥರ: ಬಂಡೆ, ಅದರ ಮೇಲೆ ಪೈನ್ ಮರ. ಲಿಂಗನಮಕ್ಕಿಯ ನಡುಗಡ್ಡೆಗಳ ನಡುವೆ ದಿಕ್ಕು ತಪ್ಪಿದ ನೆನಪಿದ್ದರೆ, ಅದನ್ನು ಸಾವಿರ ಚದರ ಕಿಲೋಮೀಟರಿಗೆ ಹರಡಿ ನೋಡಿ. ದಾರಿ ಹುಡುಕಲು, ನಕ್ಷೆ ನೋಡಲು, ಸುಮ್ನೆ ಕೂರಲು ಸಮಯ ಬೇಕು. ದಿನಕ್ಕೆ 12ರಿಂದ 15 ಕಿಲೋಮೀಟರ್ ಇಟ್ಟುಕೊಳ್ಳಿ. ಫೋನಿನ ಜಿಪಿಎಸ್ ಇರಲಿ, ಕಾಗದದ ನಕ್ಷೆಯೂ ತೊಡೆಯ ಮುಂದೆ ಇರಲಿ. ಪ್ರತಿ ದ್ವೀಪ ದಾಟಿದಾಗ ಬೆರಳಿಟ್ಟು ಗುರುತು ಮಾಡಿಕೊಳ್ಳಿ.

ಯಾವಾಗ ಹೊರಡಬೇಕು? ಇದೇ ನನಗೆ ಇಷ್ಟದ ಭಾಗ. ರಾತ್ರಿ 9ಕ್ಕೆ ಹೊರಡಿ, ಬೆಳಗಿನ ಜಾವ 3ರೊಳಗೆ ಟೆಂಟ್ ಹಾಕಿ. ಹಗಲಲ್ಲಿ ನೆಲ ಕಾಯುತ್ತದೆ, ಗಾಳಿ ಏಳುತ್ತದೆ, ಮಧ್ಯಾಹ್ನಕ್ಕೆ ತೆರೆದ ನೀರಿನಲ್ಲಿ ನೊರೆ ಕಾಣುತ್ತದೆ. ಸಂಜೆಯ ಮೇಲೆ ಸೂರ್ಯ ಕೆಳಗಿಳಿದಂತೆ ಗಾಳಿಯೂ ಕೂರುತ್ತದೆ. ನೀವು ಫೋಟೋದಲ್ಲಿ ನೋಡಿದ ಆ ಕನ್ನಡಿ ನೀರು ಹೆಚ್ಚಾಗಿ ಈ ಹೊತ್ತಿನದು. ಆದರೆ ವಾಯುಭಾರ ಕುಸಿತ ಹಾದುಹೋಗುವಾಗ ರಾತ್ರಿಯೂ ಗಾಳಿ ನಿಲ್ಲುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ಫಿನ್‌ಲ್ಯಾಂಡ್ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಗಾಳಿ ಸೆಕೆಂಡಿಗೆ 5 ಮೀಟರ್ ದಾಟುತ್ತದೆ ಅಂತಿದ್ದರೆ ತೆರೆದ ನೀರು ಬೇಡ. ದ್ವೀಪಗಳ ಮರೆಯಲ್ಲೇ ಇರಿ, ಇಲ್ಲವೇ ಟೆಂಟಿನಲ್ಲಿ ಟೀ ಕುಡಿಯಿರಿ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಇದು ಪ್ರವಾಸದ ಪುಸ್ತಕಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ. ಅಲ್ಲಿ ಬೇಸಿಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಜೊತೆಗೆ ಆ ಗಡಿಯಾರದ ಲೆಕ್ಕಕ್ಕೆ ಹಿಡಿದ ರೇಖಾಂಶಕ್ಕಿಂತ ಇನಾರಿ ಸ್ವಲ್ಪ ಪಶ್ಚಿಮಕ್ಕಿದೆ. ಹಾಗಾಗಿ ಸೂರ್ಯ ಎಲ್ಲಕ್ಕಿಂತ ಕೆಳಗೆ ಬರುವುದು ರಾತ್ರಿ 12ಕ್ಕಲ್ಲ, 1 ಗಂಟೆ 10 ನಿಮಿಷದ ಸುಮಾರಿಗೆ. ಆಗ ಅದು ಸರಿಯಾಗಿ ಉತ್ತರದಲ್ಲಿರುತ್ತದೆ. ಜೂನ್ 21ರ ಆಸುಪಾಸಿನಲ್ಲಿ ಆಗ ಅದರ ಎತ್ತರ ಬರೀ ಎರಡೂವರೆ ಡಿಗ್ರಿ. ಕೈ ಚಾಚಿ ಹಿಡಿದರೆ ಒಂದು ಹೆಬ್ಬೆರಳಿನ ಅಗಲಕ್ಕಿಂತ ಸ್ವಲ್ಪ ಮೇಲೆ. ಹತ್ತು ಮೀಟರ್ ಎತ್ತರದ ಪೈನ್ ಮರ 200 ಮೀಟರ್ ದೂರದಲ್ಲಿದ್ದರೂ ಸೂರ್ಯನನ್ನು ಮುಚ್ಚಿಬಿಡುತ್ತದೆ. ಎಷ್ಟೋ ಜನ ಅಷ್ಟು ದೂರ ಬಂದು, ಮರದ ಹಿಂದೆ ಟೆಂಟ್ ಹಾಕಿ, "ಬೆಳಕೇನೋ ಇತ್ತು, ಸೂರ್ಯ ಕಾಣಲಿಲ್ಲ" ಅಂತ ವಾಪಸ್ ಹೋಗುತ್ತಾರೆ. ಉತ್ತರಕ್ಕೆ ಅರ್ಧ ಕಿಲೋಮೀಟರಾದರೂ ತೆರೆದ ನೀರಿರುವ ದಡ ಹುಡುಕಿ. ಆಚೆ ದಡದಲ್ಲಿ ಗುಡ್ಡ ಇರಬಾರದು.

ಅದೇ ಕಾರಣಕ್ಕೆ 12ರಿಂದ 2ರವರೆಗೆ ಉತ್ತರಕ್ಕೆ ಮುಖ ಮಾಡಿ ಹುಟ್ಟು ಹಾಕಬೇಡಿ. ಸೂರ್ಯ ಒಂದು ಕಡೆಯಿಂದ, ನೀರಿನ ಪ್ರತಿಬಿಂಬ ಇನ್ನೊಂದು ಕಡೆಯಿಂದ ಕಣ್ಣಿಗೆ ಹೊಡೆಯುತ್ತವೆ. ಇನಾರಿಯಲ್ಲಿ ನೀರಿನ ಕೆಳಗೇ ಬಂಡೆಗಳು ಜಾಸ್ತಿ. ಅವು ಆ ಹೊಳಪಿನಲ್ಲಿ ಕಾಣುವುದಿಲ್ಲ. ಆ ಹೊತ್ತಿಗೆ ದಕ್ಷಿಣಕ್ಕೆ ಹೋಗುವ ಹಾಗೆ ದಾರಿ ಹೊಂದಿಸಿ, ಅಥವಾ ದೋಣಿ ನಿಲ್ಲಿಸಿ ಸುಮ್ನೆ ತೇಲಿ.

ತೇಲಿ ಅಂತ ನಿಜವಾಗಿಯೇ ಹೇಳುತ್ತಿದ್ದೇನೆ. ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಬಿಡಿ. ಅದರ ಅಂಚಿನಿಂದ ಹನಿ ಬೀಳುತ್ತದೆ, ಒಂದು ಉಂಗುರ. ದೋಣಿ ಇನ್ನೂ ಸ್ವಲ್ಪ ಸರಿಯುತ್ತಿರುತ್ತದೆ, ಇನ್ನೊಂದು ಹನಿ, ಇನ್ನೊಂದು ಉಂಗುರ. ಹಿಂದೆ ತಿರುಗಿ ನೋಡಿದರೆ ಕಿತ್ತಳೆ ಬಣ್ಣದ ನೀರಿನ ಮೇಲೆ ಉಂಗುರಗಳ ಸಾಲು ಉದ್ದಕ್ಕೆ ನಿಂತಿರುತ್ತದೆ. ಎಲ್ಲೋ ದೂರದಲ್ಲಿ ಕುಯಿಕ್ಕಾ ಅನ್ನುವ ಮುಳುಗು ಹಕ್ಕಿ ಕೂಗುತ್ತದೆ. ಮೊದಲ ಸಲ ಕೇಳಿದಾಗ ಯಾರೋ ಮನುಷ್ಯರು ಕರೆಯುತ್ತಿದ್ದಾರೆ ಅಂತ ದಡ ಹುಡುಕಿದ್ದೆ. ರಾತ್ರಿ ಒಂದು ಗಂಟೆಗೆ ಯುರೋಪಿನ ಕುಕ್ಕೂ ಹಕ್ಕಿಯೂ ಕೂಗುತ್ತಿರುತ್ತದೆ. ಅದರ ಸದ್ದು ನಮ್ಮ ಕೋಗಿಲೆಯದ್ದಲ್ಲ, ಗಡಿಯಾರದೊಳಗಿನ ಹಕ್ಕಿಯದ್ದು. ಇದಕ್ಕೋಸ್ಕರವೇ ನಾನು ಪ್ರತಿ ಸಲ 550 ಕಿಲೋಮೀಟರ್ ಗಾಡಿ ಓಡಿಸುವುದು.

ಈಗ ಬೆಳಕಿನ ಅಪಾಯ ಹೇಳುತ್ತೇನೆ. ಮೂರನೇ ವರ್ಷ ನಾನೂ ಒಬ್ಬ ಗೆಳೆಯನೂ ರಾತ್ರಿಯಿಡೀ ಹುಟ್ಟು ಹಾಕಿದೆವು. ಕತ್ತಲಾಗದಿದ್ದರೆ ದೇಹಕ್ಕೆ ದಣಿವು ಗೊತ್ತಾಗುವುದೇ ಇಲ್ಲ. ನಿದ್ದೆಯೂ ಬರಲಿಲ್ಲ, ಹಸಿವೂ ಆಗಲಿಲ್ಲ. ಬೆಳಿಗ್ಗೆ 8 ಗಂಟೆ. ಮುಂದೆ ಎರಡು ಕಿಲೋಮೀಟರ್ ತೆರೆದ ನೀರು, ಇಲ್ಲಿಯವರು ಅದನ್ನು ಸೆಲ್ಕಾ ಅನ್ನುತ್ತಾರೆ. "ಇದೊಂದು ದಾಟಿ ಮಲಗೋಣ" ಅಂದೆ. ನಡುವೆ ಹೋಗುವಷ್ಟರಲ್ಲಿ ಗಾಳಿ ಎದ್ದಿತು. ಅಲೆ ಪಕ್ಕದಿಂದ ಹೊಡೆದು ಒಳಗೆ ನೀರು ಬಂತು. ಇಬ್ಬರೂ ಮಂಡಿಯೂರಿ, ಮೂತಿಯನ್ನು ಅಲೆಗೆ ಓರೆಯಾಗಿ ತಿರುಗಿಸಿ, ಹೇಗೋ ಒಂದು ಸಣ್ಣ ದ್ವೀಪದ ಮರೆಗೆ ಸೇರಿದೆವು. ಮಗುಚಲಿಲ್ಲ, ಬರೀ ನೆನೆದಿದ್ದೆವು. ಆದರೂ ಗೆಳೆಯನ ಬೆರಳು ಬಗ್ಗುತ್ತಿರಲಿಲ್ಲ. ಅವನ ಜಾಕೆಟಿನ ಬಕಲ್ ನಾನು ಬಿಚ್ಚಿದೆ. ಆ ಬಂಡೆಯ ಮೇಲೆ ಏಳು ಗಂಟೆ ಕೂತಿದ್ದೆವು. ಅವತ್ತಿನಿಂದ ಗಡಿಯಾರಕ್ಕೆ ಎರಡು ಅಲಾರಂ ಇಡುತ್ತೇನೆ. ಒಂದು ಊಟಕ್ಕೆ, ಒಂದು ಮಲಗಲು. ಅಲಾರಂ ಹೊಡೆದರೆ ಎಷ್ಟು ಹುರುಪಿದ್ದರೂ ದಡಕ್ಕೆ. ಕಣ್ಣಿಗೆ ಕಟ್ಟಲು ದಪ್ಪ ಕಪ್ಪು ಪಟ್ಟಿ ತನ್ನಿ, ಟೆಂಟಿನೊಳಗೆ ಹಗಲೇ.

ದಡ ಬಿಡಬೇಡಿ ಅಂದಿದ್ದು ಅದಕ್ಕೇ. ಬಿದ್ದರೆ ಕೈಕಾಲು ಆಡುವಷ್ಟರಲ್ಲಿ ದಡ ಸೇರುವಂತಿರಬೇಕು. ನಾನು 100 ಮೀಟರ್ ಒಳಗೇ ಇರುತ್ತೇನೆ. ದಾಟಲೇಬೇಕಾದರೆ ಕಿರಿದಾದ ಜಾಗದಲ್ಲಿ, ಗಾಳಿ ಇಲ್ಲದಾಗ, ನಿದ್ದೆ ಆದಮೇಲೆ. ಮಗುಚಿದರೆ ದೋಣಿ ಬಿಡಬೇಡಿ. ಮಗುಚಿದ ಕನೂ ದೂರದಿಂದ ಕಾಣುತ್ತದೆ, ತಲೆ ಕಾಣುವುದಿಲ್ಲ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಮೈಮೇಲೆ ಕಟ್ಟಿಕೊಳ್ಳಿ, ಸಾಮಾನಿನ ಜೊತೆ ಇಡಬೇಡಿ. ತುರ್ತು ಸಂಖ್ಯೆ 112. 112 ಸುವೊಮಿ ಅನ್ನುವ ಆ್ಯಪ್ ಹಾಕಿಕೊಂಡು ಅದರಿಂದಲೇ ಕರೆ ಮಾಡಿದರೆ ನೀವಿರುವ ಜಾಗವೂ ಅವರಿಗೆ ಹೋಗುತ್ತದೆ. ಆದರೆ ಕೆಲವು ಕಡೆ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಬಾಡಿಗೆ ಕೊಟ್ಟವರಿಗೆ ದಾರಿಯನ್ನೂ ವಾಪಸ್ ಬರುವ ಹೊತ್ತನ್ನೂ ಬರೆದುಕೊಡಿ.

ಕನೂ ಬಗ್ಗೆ ಸ್ವಲ್ಪ. ನೀವು ಹೊನ್ನೇಮರಡಿನಲ್ಲಿ ಕೂತಿದ್ದು ಕಯಾಕ್ ಆಗಿದ್ದರೆ, ಇದು ಬೇರೆ. ಕನೂ ಮೇಲೆ ತೆರೆದಿರುತ್ತದೆ, ಹುಟ್ಟಿಗೆ ಒಂದೇ ಕಡೆ ಅಲಗು. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ದಿಕ್ಕು ಹಿಡಿಯುವುದು ಹಿಂದೆ ಕೂತವರ ಕೆಲಸ. ಅವರು ಹುಟ್ಟು ಎಳೆದ ಕೊನೆಯಲ್ಲಿ ಅಲಗನ್ನು ತಿರುಗಿಸಿ ಹೊರಕ್ಕೆ ಸ್ವಲ್ಪ ತಳ್ಳಬೇಕು. ಇದಕ್ಕೆ ಜೆ ಸ್ಟ್ರೋಕ್ ಅನ್ನುತ್ತಾರೆ. ಮೊದಲ ಸಂಜೆ ಹಳ್ಳಿಯ ಮುಂದಿನ ಕೊಲ್ಲಿಯಲ್ಲೇ ಎರಡು ಗಂಟೆ ಇದನ್ನು ಕಲಿಯಿರಿ. ಭಾರದ ಚೀಲಗಳು ನಡುವೆ, ತಳಕ್ಕೆ ಹತ್ತಿಕೊಂಡಿರಲಿ. ಎದುರು ಗಾಳಿ ಇದ್ದರೆ ಒಂದು ಚೀಲ ಮುಂದಕ್ಕೆ ಸರಿಸಿ, ಗಾಳಿ ಬೆನ್ನಿಗಿದ್ದರೆ ಹಿಂದಕ್ಕೆ. ನೀರು ಎತ್ತಿಹಾಕಲು ಒಂದು ಡಬ್ಬವನ್ನು ದಾರದಲ್ಲಿ ಕಟ್ಟಿಡಿ. ಜೀನ್ಸ್ ಬೇಡವೇ ಬೇಡ, ಉಣ್ಣೆ ಬಟ್ಟೆ ತನ್ನಿ. ಜೂನ್ ಕೊನೆಯಲ್ಲೂ ರಾತ್ರಿ 5 ಡಿಗ್ರಿಗೆ ಇಳಿಯಬಹುದು. ಒಂದು ಜೊತೆ ಪೂರ್ತಿ ಒಣ ಬಟ್ಟೆ ಬೇರೆ ಚೀಲದಲ್ಲಿ ಗಟ್ಟಿಯಾಗಿ ಕಟ್ಟಿಟ್ಟಿರಲಿ.

ಸೊಳ್ಳೆ. ಮಲೆನಾಡಿನವರಿಗೆ ಸೊಳ್ಳೆ ಹೊಸದಲ್ಲ, ಆದರೂ ಹೇಳುತ್ತೇನೆ, ತಲೆಗೆ ಹಾಕುವ ಬಲೆ ಬೇಕೇ ಬೇಕು. ನೀರಿನ ಮೇಲೆ ಅಷ್ಟಾಗಿ ಇರುವುದಿಲ್ಲ. ಗಾಳಿ ಬೀಸುವ ದ್ವೀಪದ ತುದಿಯಲ್ಲಿ ಟೆಂಟ್ ಹಾಕಿದರೆ ಅರ್ಧ ಕಷ್ಟ ಕಡಿಮೆ. ಬಟ್ಟೆ ತಿಳಿ ಬಣ್ಣದ್ದು, ತೋಳು ಉದ್ದ ಇರಲಿ.

ಟೆಂಟ್ ಹಾಕಲು ಯಾರ ಅನುಮತಿಯೂ ಬೇಡ. ಮನೆಗಳಿಂದ ದೂರ, ಒಂದೆರಡು ರಾತ್ರಿ ಇರುವುದು ಇಲ್ಲಿ ಎಲ್ಲರಿಗೂ ಇರುವ ಹಕ್ಕು. ಬೆಂಕಿ ಮಾತ್ರ ಆ ಹಕ್ಕಿನಲ್ಲಿ ಇಲ್ಲ. ಗುರುತು ಮಾಡಿದ ಬೆಂಕಿ ಜಾಗಗಳಲ್ಲಿ, ಅದೂ ಕಾಡ್ಗಿಚ್ಚಿನ ಎಚ್ಚರಿಕೆ ಇಲ್ಲದಾಗ ಮಾತ್ರ ಹಚ್ಚಬಹುದು. ಸಣ್ಣ ಸ್ಟವ್ ತನ್ನಿ. ನಾನು ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ ಒಯ್ಯುತ್ತೇನೆ. ರಾತ್ರಿ ಎರಡು ಗಂಟೆಗೆ ಬಂಡೆಯ ಮೇಲೆ ಬಿಸಿ ಉಪ್ಪಿಟ್ಟು ತಿಂದರೆ ಬೆರಳಿಗೆ ಜೀವ ಬರುತ್ತದೆ. ಇನ್ನೊಂದು ವಿಷಯ, ಜೂನ್ ಹಕ್ಕಿಗಳು ಮೊಟ್ಟೆ ಇಡುವ ಕಾಲ. ಬೋಳು ಬಂಡೆಯ ದ್ವೀಪದ ಹತ್ತಿರ ಹೋದಾಗ ಹಕ್ಕಿಗಳು ತಲೆಯ ಮೇಲೆ ಸುತ್ತಿ ಕಿರುಚಿದರೆ ಅಲ್ಲಿ ಇಳಿಯಬೇಡಿ.

ದಾರಿ ಕೇಳಿದ್ದಿರಿ. ಹಳ್ಳಿಯಿಂದ ಹೊರಟು ಕೊಲ್ಲಿಯ ದಡ ಹಿಡಿದೇ ಹೋಗಿ, ದ್ವೀಪಗಳ ನಡುವೆ ಎರಡು ರಾತ್ರಿ ಕಳೆದು, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಪೂರ್ವದ ದೊಡ್ಡ ತೆರೆದ ನೀರು ಕಸರಿಸೆಲ್ಕಾ ಈ ಸಲ ಬೇಡ. ಹಳ್ಳಿಯಿಂದ ಸುಮಾರು 11 ಕಿಲೋಮೀಟರ್ ದೂರದಲ್ಲಿ ಉಕೊನ್‌ಕಿವಿ ಅನ್ನುವ ಕಡಿದಾದ ಬಂಡೆ ದ್ವೀಪ ಇದೆ. ಫಿನ್ನಿಶ್‌ನಲ್ಲಿ ಕಿವಿ ಅಂದರೆ ಕಲ್ಲು. ಅದು ಇಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರ ಪವಿತ್ರ ಜಾಗ, ಹಿಂದೆ ಅಲ್ಲಿ ಹರಕೆ ಒಪ್ಪಿಸುತ್ತಿದ್ದರು. ಸುತ್ತ ತೆರೆದ ನೀರಿದೆ, ಹಾಗಾಗಿ ಕನೂನಲ್ಲಿ ಹೋಗಬೇಡಿ. ಹಳ್ಳಿಯಿಂದ ಪ್ರವಾಸಿ ದೋಣಿ ಹೊರಡುತ್ತದೆ, ಅದರಲ್ಲಿ ಹೋಗಿ ದೂರದಿಂದ ನೋಡಿ. ಗಾಳಿ ಜೋರಿದ್ದು ನೀರಿಗೆ ಇಳಿಯಲು ಆಗದ ದಿನ ಸೀದಾ ಹಳ್ಳಿಯ ಸಾಮಿ ಮ್ಯೂಸಿಯಂಗೆ ಹೋಗಿ, ಸಾಮಿ ಜನರ ಬದುಕು ತಿಳಿಯುತ್ತದೆ. ಅಲ್ಲಿಂದಲೇ ಕಾಲುದಾರಿಯಲ್ಲಿ ಸುಮಾರು 7 ಕಿಲೋಮೀಟರ್ ನಡೆದರೆ ಪೀಲ್ಪಯಾರ್ವಿಯ ಮರದ ಚರ್ಚ್. 1760ರದ್ದು, ಕಾಡಿನ ನಡುವೆ ಒಂಟಿಯಾಗಿ ನಿಂತಿದೆ.

ದಿನಾಂಕ ನೋಡಿಕೊಳ್ಳಿ. ಜೂನ್ 20ರಿಂದ 26ರ ನಡುವೆ ಬರುವ ಶನಿವಾರ ಇಲ್ಲಿ ಯುಹಾನ್ನುಸ್ ಹಬ್ಬ. ಹಿಂದಿನ ದಿನವೇ ಎಷ್ಟೋ ಅಂಗಡಿ ಬೇಗ ಮುಚ್ಚುತ್ತವೆ, ಬಾಡಿಗೆ ಕನೂ ಸಿಗುವುದೂ ಕಷ್ಟ. ಆದಷ್ಟು ಹಬ್ಬದ ನಂತರದ ಸೋಮವಾರದಿಂದ ಇಟ್ಟುಕೊಳ್ಳಿ. ಈಗಲೇ ಫೋನ್ ಮಾಡಿ ಕಾದಿರಿಸಿ. ಮಾತಾಡುವಾಗ ನಿಮ್ಮಿಬ್ಬರ ತೂಕ, ಎತ್ತರ ಹೇಳಿ, ಸರಿಯಾದ ಅಳತೆಯ ಜಾಕೆಟ್ ಎತ್ತಿಡಲು ಹೇಳಿ. ಕನೂ ಸಿಕ್ಕಿದ ಮೇಲೆ ದಿನಾಂಕ ಇಲ್ಲೇ ಬರೆಯಿರಿ, ನಾನು ಗುರುತು ಹಾಕಿದ ನಕ್ಷೆಯ ಫೋಟೋ ಹಾಕುತ್ತೇನೆ.