ಮಳೆಯಲ್ಲಿ ಜಾರುವ ಸ್ಪೋರ್ಟಿ ಕಾರಿಗೆ ಯಾವ ಟೈರು ಹಾಕಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಆರು ವರ್ಷ ಹಳೆಯದಾದ, ಟರ್ಬೊ ಎಂಜಿನ್ನಿನ, ಮುಂದಿನ ಚಕ್ರಗಳ ಎಳೆತದಿಂದ ಓಡುವ ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದೀರಿ. ಅದರಲ್ಲಿರುವ 225/45 ಆರ್17 ಅಳತೆಯ ಟೈರುಗಳಲ್ಲಿ ತೋಡುಗಳು ಇನ್ನೂ ಆಳವಾಗಿದ್ದರೂ ಮಳೆ ಬಂದಾಗ ಕಾರು ಜಾರುತ್ತದೆ, ಒಣ ರಸ್ತೆಯಲ್ಲಿ ಗುಂಯ್ಗುಡುತ್ತದೆ. ಪ್ರತಿದಿನ ಕಚೇರಿಗೆ ಹೋಗಿಬರುವುದಕ್ಕೂ, ಅಪರೂಪಕ್ಕೊಮ್ಮೆ ಬೆಟ್ಟದ ತಿರುವುಗಳ ರಸ್ತೆಯಲ್ಲಿ ಖುಷಿಗಾಗಿ ಓಡಿಸುವುದಕ್ಕೂ ಇದೊಂದೇ ಕಾರು. ಹೀಗಿರುವಾಗ 19 ಇಂಚಿನ ರಿಮ್ ಹಾಕಿಸಿ, ಟ್ರ್ಯಾಕಿನಲ್ಲಿ ಬಳಸುವಂತಹ ಅಂಟುಗುಣದ ಟೈರುಗಳನ್ನು ತೊಡಿಸಿದರೆ ಸಮಸ್ಯೆ ತೀರುತ್ತದೆಯೇ, ಜೊತೆಗೆ ಬೇರೆ ಯಾವ ನಿರ್ವಹಣೆ ಬೇಕು ಎಂದು ಕೇಳಿದ್ದೀರಿ.

ಚಿಕ್ಕದಾಗಿ ಹೇಳುವುದಾದರೆ ಆ ಎರಡೂ ಬೇಡ. ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿನ ಅಳತೆಯಲ್ಲಿಯೇ, ರಸ್ತೆಗೆಂದೇ ತಯಾರಿಸಿದ ಒಳ್ಳೆಯ ಪರ್ಫಾರ್ಮೆನ್ಸ್ ಟೈರುಗಳನ್ನು ನಾಲ್ಕೂ ಚಕ್ರಗಳಿಗೆ ಹಾಕಿಸಿ. ಆದರೆ ಹಣ ಕೊಡುವುದಕ್ಕೆ ಮೊದಲು ಈಗಿನ ಟೈರುಗಳು ಏಕೆ ಹೀಗಾದವು ಎಂಬುದನ್ನು ಕಂಡುಕೊಳ್ಳಿ. ದೋಷ ಕಾರಿನಲ್ಲಿದ್ದರೆ ಅದು ಹೊಸ ಟೈರನ್ನೂ ಹಳೆಯದರಂತೆಯೇ ತಿಂದುಹಾಕುತ್ತದೆ. ನಾನು ಮೆಕ್ಯಾನಿಕ್ ಅಲ್ಲ. ಇಂತಹುದೇ ಒಂದು ಕಾರನ್ನು ಹನ್ನೊಂದು ವರ್ಷ ಇಟ್ಟುಕೊಂಡು ಐದು ಸೆಟ್ ಟೈರುಗಳನ್ನು ಸವೆಸಿದವನು, ಅದರಲ್ಲಿ ಒಂದು ಸೆಟ್ಟನ್ನು ಶುದ್ಧ ದಡ್ಡತನದಿಂದ ಹಾಳುಮಾಡಿಕೊಂಡವನು.

ಆ ದಡ್ಡತನವನ್ನೇ ಮೊದಲು ಹೇಳುತ್ತೇನೆ. ಕಾರು ಕೊಂಡ ಎರಡನೆಯ ವರ್ಷ ನಾನೂ ನಿಮ್ಮಂತೆಯೇ ಯೋಚಿಸಿ, ಸಿಕ್ಕವುಗಳಲ್ಲೆಲ್ಲ ಅತ್ಯಂತ ಮೆದುವಾದ ರಬ್ಬರಿನ ಟೈರುಗಳನ್ನು ಹಾಕಿಸಿದೆ. 9,000 ಕಿಲೋಮೀಟರು ತುಂಬುವಷ್ಟರಲ್ಲಿ ಮುಂದಿನ ಎರಡೂ ಟೈರುಗಳ ಒಳ ಅಂಚು ಸವೆದು ಉಕ್ಕಿನ ತಂತಿ ಕಾಣತೊಡಗಿತ್ತು. ಹೊರಗೆ ನಿಂತು ನೋಡಿದವರಿಗೆ ಮಾತ್ರ ಟೈರು ಹೊಸದರಂತೆಯೇ ಇತ್ತು. ಟೈರು ಹಾಕಿಸಿದ ದಿನವೇ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನಗಳ ಹೊಂದಾಣಿಕೆ, ಮಾಡಿಸಿದ್ದೆ, ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿದ್ದ ಮುದ್ರಿತ ಹಾಳೆಯನ್ನೂ ಅಂಗಡಿಯವರು ಕೈಗಿಟ್ಟಿದ್ದರು. ನಿಜವಾದ ಕಾರಣ ಬೇರೆಡೆ ಇತ್ತು. ಮುಂದಿನ ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳಾದ ಲೋವರ್ ಆರ್ಮ್‌ನ ಹಿಂಬದಿಯ ರಬ್ಬರ್ ಬುಷ್ (ಕೀಲಿನ ಮೆತ್ತೆ) ಬಿರುಕುಬಿಟ್ಟಿತ್ತು; ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಚಕ್ರ ತುಸು ಹಿಂದಕ್ಕೆ ಸರಿದು ಹೊರಮುಖವಾಗಿ ತಿರುಗುತ್ತಿತ್ತು. ಅಲೈನ್‌ಮೆಂಟ್ ಯಂತ್ರ ಅಳೆಯುವುದು ನಿಂತ ಕಾರನ್ನು. ಬ್ರೇಕ್ ಬಿದ್ದಾಗ ಚಕ್ರ ಎಲ್ಲಿಗೆ ಹೋಗುತ್ತದೆ ಎಂಬುದು ಆ ಹಾಳೆಯಲ್ಲಿ ಬರುವುದಿಲ್ಲ. ಅಂದಿನಿಂದ ನಾನು ಬುಷ್ ಮತ್ತು ಚಕ್ರದ ಕೀಲುಗಳಾದ ಬಾಲ್ ಜಾಯಿಂಟುಗಳನ್ನು ಸನ್ನೆಕೋಲು ಹಾಕಿ ಅಲುಗಾಡಿಸಿ ನೋಡಿಸದೆ ಅಲೈನ್‌ಮೆಂಟಿಗೆ ಹಣ ಕೊಟ್ಟಿಲ್ಲ.

ಆದ್ದರಿಂದ ಹಳೆಯ ಟೈರುಗಳನ್ನು ಎಸೆಯುವ ಮೊದಲು ಅವುಗಳ ಮೇಲೆ ಬರೆದಿರುವುದನ್ನೂ ಸವೆತದ ರೀತಿಯನ್ನೂ ಓದಿಕೊಳ್ಳಬೇಕು. ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಭಾಗದ, ಮೇಲೆ ಅಂಗೈಯನ್ನು ಹೊರಗಿನಿಂದ ಒಳಗೆ, ಅನಂತರ ಒಳಗಿನಿಂದ ಹೊರಗೆ ಸವರಿ. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆಯೂ ತಾಗಿದರೆ ಟೋ ಕೆಟ್ಟಿದೆ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಕಾರಿನ ದಾರಿಗೆ ಓರೆಯಾಗಿದೆ. ಚಕ್ರ ಅರ್ಧ ಡಿಗ್ರಿಯಷ್ಟು ಓರೆಯಾಗಿದ್ದರೂ ಲೆಕ್ಕದ ಪ್ರಕಾರ ಪ್ರತಿ ಕಿಲೋಮೀಟರಿಗೆ ಸುಮಾರು 9 ಮೀಟರು ಪಕ್ಕಕ್ಕೆ ಉಜ್ಜಿಸಿಕೊಂಡಂತಾಗುತ್ತದೆ. ಮೆದುವಾದ ರಬ್ಬರು ಎಷ್ಟು ದಿನ ತಡೆದೀತು? ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಾಗಿತ್ತು, ನಡುಭಾಗ ಮಾತ್ರ ಸವೆದಿದ್ದರೆ ಹೆಚ್ಚಾಗಿತ್ತು. ಸುತ್ತಲೂ ಅಲ್ಲಲ್ಲಿ ಬೋಗುಣಿಯಂತೆ ತಗ್ಗುಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ದಣಿದಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಚಕ್ರವು ರಸ್ತೆಯನ್ನು ಬಿಡದೆ ಹಿಡಿದುಕೊಳ್ಳುವ ಬದಲು ಕುಣಿಯುತ್ತಿರುತ್ತದೆ. ನೀವು ಹೇಳಿದ ಗುಂಯ್ಗುಡುವ ಸದ್ದು ಗರಗಸದ ಹಲ್ಲಿನ ಸವೆತದಿಂದಲೋ ಇಂತಹ ತಗ್ಗುಗಳಿಂದಲೋ ಬರುತ್ತಿರಬಹುದು ಎಂಬುದು ನನ್ನ ಊಹೆ.

ಇನ್ನು ತೋಡುಗಳು ಆಳವಾಗಿದ್ದರೂ ಜಾರುವುದು ಏಕೆ ಎಂಬ ಪ್ರಶ್ನೆ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳ ನಂತರ ಬರುವ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ. 2319 ಎಂದಿದ್ದರೆ ಅದು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ಕೆಲವು ಟೈರುಗಳಲ್ಲಿ ಈ ಅಂಕಿಗಳು ಒಂದೇ ಪಕ್ಕದಲ್ಲಿ ಇರುವುದರಿಂದ ಕಾರಿನ ಅಡಿಗೆ ತಲೆ ಹಾಕಬೇಕಾದೀತು. ಕಾರಿನಷ್ಟೇ ವಯಸ್ಸಿನ ಟೈರುಗಳಾಗಿದ್ದರೆ ನಿಮ್ಮ ಜಾರಾಟಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲದಿರಬಹುದು. ಬಿಸಿಲು, ಆಮ್ಲಜನಕ ಮತ್ತು ಬಿಸಿಯಾಗಿ ತಣಿಯುವ ಸಾವಿರಾರು ಆವರ್ತನಗಳಿಂದ ರಬ್ಬರು ಗಡುಸಾಗುತ್ತಾ ಹೋಗುತ್ತದೆ. ಗಡುಸಾದ ರಬ್ಬರು ಡಾಂಬರಿನ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳಲಾರದು. ಒಣ ರಸ್ತೆಯಲ್ಲಿ ಈ ಕೊರತೆ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ, ಒದ್ದೆ ರಸ್ತೆ ಅದನ್ನು ಒಡನೆಯೇ ಬಯಲು ಮಾಡುತ್ತದೆ.

ಈಗ ಆಯ್ಕೆಯ ವಿಷಯಕ್ಕೆ ಬರೋಣ. ಟ್ರ್ಯಾಕ್ ಬಗೆಯ ಟೈರುಗಳ ಬಗ್ಗೆ ಮಾತನಾಡುವಾಗ ನೀವು ಟ್ರೆಡ್‌ವೇರ್ 200 ಎಂಬ ಅಂಕಿಯನ್ನು ಉಲ್ಲೇಖಿಸಿದ್ದೀರಿ. ಇದು ಟೈರು ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ಸೂಚಿಸುವ ಅಮೆರಿಕದ ದರ್ಜೆ ಪದ್ಧತಿಯ ಅಂಕಿ; ಕಡಿಮೆಯಾದಷ್ಟೂ ಸವೆತ ಬೇಗ. ಸಾರ್ವಜನಿಕ ರಸ್ತೆಯಲ್ಲಿ 7,200 ಮೈಲಿ ಓಡಿಸಿ, ಒಂದು ಮಾದರಿ ಟೈರಿನೊಡನೆ ಹೋಲಿಸಿ ಸವೆತವನ್ನು ಅಂದಾಜು ಮಾಡುವುದು ಅದರ ಕ್ರಮವಾದರೂ, ಕೊನೆಗೆ ಅಂಕಿಯನ್ನು ನಮೂದಿಸುವುದು ತಯಾರಕರೇ. ಹೀಗಾಗಿ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಅದು ಉಪಯುಕ್ತ, ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟಾಗಿ ಅಲ್ಲ. ಹವ್ಯಾಸಿ ರೇಸುಗಳ ಹಲವು ವರ್ಗಗಳಲ್ಲಿ ಕನಿಷ್ಠ 200 ಇರಬೇಕೆಂಬ ನಿಯಮವಿರುವುದರಿಂದ, ರೇಸಿಗೆಂದೇ ರೂಪಿಸಿದ ಟೈರುಗಳೂ ಆ ಅಂಕಿಯನ್ನು ಹೊತ್ತುಕೊಂಡು ಬರುತ್ತವೆ. ಬ್ರಿಜ್‌ಸ್ಟೋನ್ ಪೊಟೆನ್ಜಾ ಆರ್‌ಇ-71ಆರ್‌ಎಸ್, ಯೊಕೊಹಾಮಾ ಅಡ್ವಾನ್ ಎ052 ಇವು ಆ ಗುಂಪಿಗೆ ಸೇರಿದವು. ಅವುಗಳ ಸಾಮರ್ಥ್ಯದ ಬಗ್ಗೆ ನನಗೆ ಸಂದೇಹವಿಲ್ಲ, ಅವು ಬಿಸಿಯಾದಾಗ ಕಾರು ಹಳಿಯ ಮೇಲೆ ಓಡಿದಂತೆ ತಿರುಗುತ್ತದೆ. ಆದರೆ ಅವುಗಳಲ್ಲಿ ತೋಡುಗಳು ಕಡಿಮೆ, ಅರ್ಧ ಸವೆದ ಮೇಲೆ ನಿಂತ ನೀರನ್ನು ಹೊರದೂಡುವ ಶಕ್ತಿ ಇನ್ನೂ ಕಡಿಮೆ. ನಿಮ್ಮ ದೂರು ಇರುವುದೇ ಮಳೆಯ ಬಗ್ಗೆ. ತಣ್ಣಗಿನ ಬೆಳಗ್ಗೆ ಹದಿನೈದು ನಿಮಿಷ ಕಚೇರಿಗೆ ಓಡಿಸುವ ಕಾರಿನಲ್ಲಿ ಅವು ತಮಗೆ ಬೇಕಾದ ಬಿಸಿಯನ್ನು ಮುಟ್ಟುವುದೂ ಇಲ್ಲ.

ನಿಮಗೆ ಹೊಂದುವುದು ಮಿಶೆಲಿನ್ ಪೈಲಟ್ ಸ್ಪೋರ್ಟ್ 5, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್ 6 ಮುಂತಾದವು ಸೇರುವ ವರ್ಗ. ಇವುಗಳ ನಡುವಿನ ವ್ಯತ್ಯಾಸ ಅಭಿಮಾನಿಗಳು ವಾದಿಸುವಷ್ಟು ದೊಡ್ಡದಲ್ಲ. ನಿಮ್ಮ ಅಳತೆಯಲ್ಲಿ ಹೊಸದಾಗಿ ತಯಾರಾದದ್ದು ಯಾವುದು ಸಿಗುತ್ತದೆಯೋ ಅದನ್ನು ಆರಿಸಿಕೊಂಡರೆ ತಪ್ಪಾಗದು. ಯುರೋಪಿನ ಲೇಬಲ್ ಇರುವ ಟೈರಾದರೆ ಒದ್ದೆ ರಸ್ತೆಯ ಹಿಡಿತಕ್ಕೆ ಎ ದರ್ಜೆ ಇದೆಯೇ ಎಂದು ನೋಡಿ. 2021ರ ಮೇ ತಿಂಗಳಿಂದ ಆ ಲೇಬಲ್ಲಿನಲ್ಲಿ ಎ ಇಂದ ಇ ವರೆಗೆ ಐದೇ ದರ್ಜೆಗಳಿವೆ. ಅಳತೆಯ ಪಕ್ಕದಲ್ಲಿರುವ 91ಡಬ್ಲ್ಯು ಎಂಬಂತಹ ಸಂಕೇತವನ್ನೂ ಗಮನಿಸಿ: 91 ಎಂದರೆ ಒಂದು ಟೈರು 615 ಕಿಲೋ ಭಾರ ಹೊರಬಲ್ಲದು, ಡಬ್ಲ್ಯು ಎಂದರೆ ಗಂಟೆಗೆ 270 ಕಿಲೋಮೀಟರಿನವರೆಗಿನ ವೇಗಕ್ಕೆ ತಕ್ಕದ್ದು. ಆ ವೇಗದಲ್ಲಿ ನೀವು ಓಡಿಸುವುದಿಲ್ಲ ನಿಜ, ಆದರೂ ತಯಾರಕರು ಹೇಳಿದ ಭಾರ ಮತ್ತು ವೇಗದ ದರ್ಜೆಗಿಂತ ಕೆಳಗಿನದನ್ನು ಹಾಕಿಸಬಾರದು. ಇವೆಲ್ಲವೂ ಬೇಸಿಗೆಯ ಟೈರುಗಳು ಎಂಬುದು ನೆನಪಿರಲಿ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇವುಗಳ ರಬ್ಬರು ಬಿಗಿಯಾಗುತ್ತದೆ. ನೀವಿರುವಲ್ಲಿ ಹಿಮ ಬೀಳುವುದಾದರೆ ಚಳಿಗಾಲಕ್ಕೆ ಬೇರೆಯದೇ ಸೆಟ್ ಬೇಕು.

19 ಇಂಚಿನ ರಿಮ್ ಬಗ್ಗೆ ಸ್ವಲ್ಪ ಗಣಿತ. 225 ಎಂಬುದು ಮಿಲಿಮೀಟರಿನಲ್ಲಿ ಅಗಲ, 45 ಎಂಬುದು ಆ ಅಗಲದ ಶೇಕಡಾವಾರಿನಲ್ಲಿ ಪಕ್ಕದ ಎತ್ತರ, 17 ಎಂಬುದು ಇಂಚಿನಲ್ಲಿ ರಿಮ್‌ನ ವ್ಯಾಸ. ಅಂದರೆ ಈಗಿರುವ ಚಕ್ರದ ಒಟ್ಟು ವ್ಯಾಸ ಸುಮಾರು 634 ಮಿಲಿಮೀಟರು, ಪಕ್ಕದ ರಬ್ಬರಿನ ಎತ್ತರ 101 ಮಿಲಿಮೀಟರು. 225/40 ಆರ್18 ಹಾಕಿದರೆ ವ್ಯಾಸ 637 ಆಗುತ್ತದೆ, ಕಾರಿಗೆ ವ್ಯತ್ಯಾಸವೇ ತಿಳಿಯದು. 235/35 ಆರ್19 ಹಾಕಿದರೆ ವ್ಯಾಸ 647ಕ್ಕೆ ಏರುತ್ತದೆ, ಸ್ಪೀಡೋಮೀಟರು ಈಗಿನದಕ್ಕಿಂತ ಶೇಕಡಾ 2ರಷ್ಟು ಕಡಿಮೆ ತೋರಿಸುತ್ತದೆ, ಪಕ್ಕದ ಎತ್ತರ ಮಾತ್ರ 82ಕ್ಕೆ ಕುಸಿಯುತ್ತದೆ. ಗುಂಡಿಗೂ ರಿಮ್‌ಗೂ ನಡುವೆ ಉಳಿಯುವುದು ಇಷ್ಟೇ. ಸಾಮಾನ್ಯವಾಗಿ ದೊಡ್ಡ ರಿಮ್ ಹೆಚ್ಚು ತೂಗುತ್ತದೆ, ಆ ತೂಕ ಸ್ಪ್ರಿಂಗಿನ ಕೆಳಗಿರುವ ತೂಕವಾದ್ದರಿಂದ ಒರಟು ತಿರುವಿನಲ್ಲಿ ಚಕ್ರ ನೆಲ ಬಿಡುವುದೂ ಹೆಚ್ಚು. ನೋಟ ಚೆನ್ನಾಗಿರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ನೀವು ಕೇಳಿದ್ದು ಹಿಡಿತವನ್ನು.

ಟೈರು ಹಾಕಿಸುವ ದಿನ ಪಕ್ಕದಲ್ಲೇ ನಿಂತುಕೊಳ್ಳಿ. ಅಸಮ ವಿನ್ಯಾಸದ ಟೈರುಗಳಲ್ಲಿ ಹೊರಗೆ ಬರಬೇಕಾದ ಪಕ್ಕವನ್ನು ಗುರುತಿಸಿರುತ್ತಾರೆ, ದಿಕ್ಕಿನ ಟೈರುಗಳಲ್ಲಿ ಉರುಳಬೇಕಾದ ಕಡೆಗೆ ಬಾಣವಿರುತ್ತದೆ. ಇವೆರಡನ್ನೂ ತಪ್ಪಾಗಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಟ್ಟುಗಳನ್ನು ಗಾಳಿಗನ್ನಿನಿಂದ ಬಿಗಿದು ಬಿಟ್ಟುಬಿಡದೆ, ಕಾರಿನ ಕೈಪಿಡಿಯಲ್ಲಿರುವ ಅಳತೆಗೆ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಲು ಹೇಳಿ, ನೂರು ಕಿಲೋಮೀಟರಿನ ನಂತರ ಮತ್ತೊಮ್ಮೆ ಪರೀಕ್ಷಿಸಿ. ಒಂದು ವೇಳೆ ಎರಡೇ ಟೈರು ಕೊಳ್ಳುವಷ್ಟು ಹಣವಿದ್ದರೆ ಹೊಸದನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು, ಎಳೆಯುವುದು ಮುಂದಿನ ಚಕ್ರಗಳೇ ಆದರೂ ಸರಿ. ಮುಂಭಾಗ ಜಾರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಸಾವರಿಸಿಕೊಳ್ಳಬಹುದು, ಮಳೆಯಲ್ಲಿ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯತೊಡಗಿದರೆ ನುರಿತವರಿಗೂ ಕಷ್ಟ. ಮೊದಲ ಕೆಲವು ನೂರು ಕಿಲೋಮೀಟರು ನಿಧಾನವಾಗಿ ಓಡಿಸಿ. ಅಚ್ಚಿನಿಂದ ಬಿಡಿಸಲು ಸವರಿದ್ದ ಜಾರುಪದಾರ್ಥದ ಪದರ ಅಷ್ಟರಲ್ಲಿ ಉಜ್ಜಿಹೋಗುತ್ತದೆ.

ಗಾಳಿಯ ವಿಷಯದಲ್ಲಿ ನನ್ನದು ಒಂದು ಹಟವಿದೆ: ಸ್ವಂತದ ಮಾಪಕ, ಕಾರು ರಾತ್ರಿಯಿಡೀ ನಿಂತ ಮೇಲಿನ ಅಳತೆ, ಎರಡು ವಾರಕ್ಕೊಮ್ಮೆ. ಹೊರಗಿನ ಉಷ್ಣತೆ 5ರಿಂದ 6 ಡಿಗ್ರಿ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಆದ್ದರಿಂದ ಋತು ಬದಲಾದಾಗ 3 ಪಿಎಸ್‌ಐ ಕಡಿಮೆಯಾಗಿದ್ದರೂ ಪಂಕ್ಚರ್ ಎಂದು ಗಾಬರಿಯಾಗಬೇಕಿಲ್ಲ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ಕಾಣುತ್ತದೆಂದು ಗಾಳಿ ಬಿಡುವವರಿದ್ದಾರೆ. ಮರುದಿನ ಬೆಳಗ್ಗೆ ಆ ಟೈರು ಅರೆಹೊಟ್ಟೆಯಲ್ಲಿರುತ್ತದೆ.

ಟೈರು ಬಿಟ್ಟರೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟಿ ಕಾರಿನಲ್ಲಿ ನಾನು ಮೊದಲು ಬದಲಿಸುವುದು ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಆಯಿಲ್ ಕುದಿದು ಗುಳ್ಳೆಯೆದ್ದರೆ ಪೆಡಲ್ ಮೆತ್ತಗೆ ತಳಕ್ಕೆ ಇಳಿದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಡಾಟ್ 5.1 ಇದರೊಡನೆ ಬೆರೆಯುತ್ತದೆ, ಡಾಟ್ 5 ಮಾತ್ರ ಸಿಲಿಕೋನ್ ಮೂಲದ್ದಾದ್ದರಿಂದ ಬೆರೆಸಲೇಬಾರದು; ಹೆಸರಿಟ್ಟವರು ಯಾರೋ, ಓದುವವರ ಮೇಲೆ ಕರುಣೆ ಇಟ್ಟಿರಲಿಲ್ಲ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ ಬಿಸಿಯಾಯಿತೆಂದು ಮುಳ್ಳು ತೋರಿಸಿದ ಮೇಲೂ ಎಂಜಿನ್ ಆಯಿಲ್ ಬಿಸಿಯಾಗಲು ಇನ್ನಷ್ಟು ನಿಮಿಷ ಬೇಕು, ಅಲ್ಲಿಯವರೆಗೆ ಟರ್ಬೊವನ್ನು ಜೋರಾಗಿ ದುಡಿಸಬೇಡಿ. ಆಯಿಲನ್ನು 5ಡಬ್ಲ್ಯು-30 ಎಂಬ ದಪ್ಪ ನೋಡಿ ಅಲ್ಲ, ಕೈಪಿಡಿಯಲ್ಲಿ ಕೇಳಿರುವ ಅನುಮೋದನೆಯ ಸಂಖ್ಯೆ ನೋಡಿ ಕೊಳ್ಳಿ. ಮಟ್ಟವನ್ನು ಸಾವಿರ ಕಿಲೋಮೀಟರಿಗೊಮ್ಮೆ ನೋಡಿ, ಏಕೆಂದರೆ ಟರ್ಬೊ ಎಂಜಿನ್ನುಗಳು ಸ್ವಲ್ಪ ಆಯಿಲ್ ಕುಡಿಯುವುದು ಅಪರೂಪವಲ್ಲ.

ಹಲವು ದೇಶಗಳಲ್ಲಿ ತೋಡಿನ ಆಳ 1.6 ಮಿಲಿಮೀಟರು ಇರುವವರೆಗೆ ಕಾನೂನು ಒಪ್ಪುತ್ತದೆ. ನಾನು 3 ಮಿಲಿಮೀಟರಿಗೇ ಬದಲಿಸುತ್ತೇನೆ, ಮಳೆಯ ಹಿಡಿತ ಅದಕ್ಕಿಂತ ಕೆಳಗೆ ಬೇಗನೆ ಕುಸಿಯುತ್ತದೆ. ನಿಮ್ಮ ಟೈರುಗಳ ಆ ನಾಲ್ಕು ಅಂಕಿಗಳನ್ನೂ, ಒಳ ಅಂಚು, ನಡುಭಾಗ ಮತ್ತು ಹೊರ ಅಂಚಿನ ಆಳವನ್ನೂ ಇಲ್ಲಿಯೇ ಬರೆದರೆ, ದೋಷ ಟೋದಲ್ಲಿದೆಯೋ ಬುಷ್‌ನಲ್ಲಿದೆಯೋ ಕೇವಲ ವಯಸ್ಸಿನದೋ ಎಂಬುದನ್ನು ಇನ್ನಷ್ಟು ಖಚಿತವಾಗಿ ಹೇಳಲು ಪ್ರಯತ್ನಿಸುತ್ತೇನೆ.